ಗುಳಿಗೆ ನುಂಗಿದ ಕಾವೇರಿ

ತ್ರಿವೇಣಿಯವರ ‘ಶರಪಂಜರ’ವನ್ನು ನಾವು ಸಮಾಜದ ಕ್ರೌರ್ಯದ ಕಥೆಯಾಗಿ ಓದುತ್ತ ಬಂದಿದ್ದೇವೆ. ಬಾಣಂತಿ ಸನ್ನಿಯಿಂದ ಗುಣವಾಗಿ ಬಂದ ಕಾವೇರಿಯನ್ನು ಗಂಡನೇ ಹತ್ತಿರ ಸೇರಿಸುವುದಿಲ್ಲ. ಈ ಓದು ಸರಿಯೇ. ಆದರೆ ತ್ರಿವೇಣಿ ತೀರಿಕೊಂಡದ್ದು 1963ರಲ್ಲಿ. ಫ್ಲುಒಕ್ಸೆಟಿನ್‌ಗೆ ಅಮೆರಿಕದಲ್ಲಿ ಅನುಮತಿ ಸಿಕ್ಕಿದ್ದು 1987ರಲ್ಲಿ. ಆಮೇಲೆ ‘ಗುಣವಾಗುವುದು’ ಎಂಬುದರ ಅರ್ಥವೇ ಬದಲಾಯಿತು.

ಇಂದಿನ ಕಾವೇರಿ ನಿಮ್ಹಾನ್ಸ್‌ವರೆಗೆ ಹೋಗಬೇಕೆಂದಿಲ್ಲ. ತಾಲ್ಲೂಕು ಆಸ್ಪತ್ರೆಗಳಲ್ಲಿ ಮಂಗಳವಾರ ಮನೋವೈದ್ಯರು ಸಿಗಲೆಂದೇ ‘ಮನೋಚೈತನ್ಯ’ ಯೋಜನೆ ಬಂತು. ಅವಳು ಹಿರಿಯೂರಿನವಳೋ ಹೊಸದುರ್ಗದವಳೋ ಎಂದುಕೊಳ್ಳೋಣ. ಎಸ್ಸಿಟಾಲೊಪ್ರಾಮ್ ಶುರುವಾದ ಕೆಲವು ವಾರಗಳಲ್ಲಿ ಅಳು ನಿಂತಿದೆ, ನಿದ್ದೆ ಬರುತ್ತಿದೆ. ಜೊತೆಗೇ ಕಾಮದ ಆಸೆ ಬತ್ತಿದೆ. ಸುಖದ ತುದಿ ಮುಟ್ಟುವುದು ತಡವಾಗುತ್ತಿದೆ, ಇಲ್ಲವೇ ಆಗುತ್ತಲೇ ಇಲ್ಲ. ಈ ಮದ್ದು ತಿನ್ನುವ ಹಲವರಿಗೆ ಹೀಗಾಗುತ್ತದೆ. ಗಂಡಸರಿಗೆ ನಿಮಿರುವಿಕೆಯ ತೊಂದರೆಯೂ ಉಂಟು. ಈಗ ದೂರ ಸರಿಯುತ್ತಿರುವವಳು ಕಾವೇರಿಯೇ, ಪ್ರೀತಿಯಿದ್ದೂ. ಈ ಸಂಕಟ ನಾನು ಓದಿದ ಕನ್ನಡ ಕಥೆಗಳಲ್ಲಿ ಕಂಡಿಲ್ಲ.

ಹೇಳಲು ಮಾತಾದರೂ ಎಲ್ಲಿದೆ? ಬಸ್‌ ಸ್ಟ್ಯಾಂಡಿನ ಗೋಡೆ ಕಲಿಸಿದ್ದು ‘ನರದೌರ್ಬಲ್ಯ’, ‘ಗುಪ್ತರೋಗ’. ಅವೂ ಗಂಡಸಿನವು, ಹೆಂಗಸಿಗೆ ಅಷ್ಟೂ ಇಲ್ಲ. ಆಸೆಯನ್ನು ಖಿನ್ನತೆಯೂ ಕೊಲ್ಲುವುದರಿಂದ ತಪ್ಪು ಕಾಯಿಲೆಯದೋ ಗುಳಿಗೆಯದೋ ತಿಳಿಯುವುದಿಲ್ಲ. ಯಾರಿಗೂ ಹೇಳದೆ ಗುಳಿಗೆ ಬಿಡುತ್ತಾರೆ. ತಲೆಸುತ್ತು, ಸಿಡುಕು, ಎಷ್ಟೋ ಸಲ ಕಾಯಿಲೆಯೇ ಮರಳುತ್ತದೆ. ಬಾಯಿಬಿಟ್ಟಿದ್ದರೆ ವೈದ್ಯರು ಪ್ರಮಾಣ ಇಳಿಸಿಯೋ ಬುಪ್ರೊಪಿಯಾನ್‌ನಂಥ ಬೇರೆ ಮದ್ದು ಕೊಟ್ಟೋ ನೋಡಬಹುದಿತ್ತು. ಕೆಲವರಲ್ಲಿ ಗುಳಿಗೆ ಬಿಟ್ಟ ಮೇಲೂ ತೊಂದರೆ ಉಳಿಯಬಹುದೆಂದು ಚೀಟಿಯಲ್ಲಿ ಅಚ್ಚು ಹಾಕಲು ಯುರೋಪಿನ ಔಷಧ ನಿಯಂತ್ರಕರು 2019ರಲ್ಲಿ ಹೇಳಿದರು. ಆ ಚೀಟಿ ಇಂಗ್ಲಿಷಿನಲ್ಲಿದೆ. ನಮ್ಮಲ್ಲಿ ಹತ್ತು ಗುಳಿಗೆಯ ಪಟ್ಟಿ ಕತ್ತರಿಸಿ ಕೊಡುವಾಗ ಅದೂ ಕೈಸೇರುವುದಿಲ್ಲ.