ಗಾಡಿ ಏರಿತು, ಡಿಫರೆನ್ಷಿಯಲ್ ಅಲ್ಲೇ ಇದೆ

ಎರಡನೇ ತಲೆಮಾರಿನ ಮಹೀಂದ್ರಾ ಥಾರ್ 2020ರ ಅಕ್ಟೋಬರಿನಲ್ಲಿ, ಐದು ಬಾಗಿಲಿನ ಮಾರುತಿ ಸುಜುಕಿ ಜಿಮ್ನಿ 2023ರ ಜೂನಿನಲ್ಲಿ ಮಾರುಕಟ್ಟೆಗೆ ಬಂದವು. ಅಲ್ಲಿಂದೀಚೆಗೆ ಬೆಂಗಳೂರು, ಮೈಸೂರು, ಮಂಗಳೂರಿನ ರಸ್ತೆಗಳಲ್ಲಿ ಎತ್ತರಿಸಿದ ಫೋರ್ ಬೈ ಫೋರ್ ಗಾಡಿಗಳು ಸಾಮಾನ್ಯವಾಗಿಬಿಟ್ಟಿವೆ. ಹೊಸ ಗಾಡಿ ಕೈಗೆ ಬಂದ ಸ್ವಲ್ಪ ದಿನಕ್ಕೇ ಎರಡು ಇಂಚಿನ ಲಿಫ್ಟ್ ಕಿಟ್ ಹಾಕಿಸುವುದು, ಅದರ ಕೆಳಗೆ ಒಂದೆರಡು ಸೈಜ್ ದೊಡ್ಡ ಟೈರ್ ತುರುಕುವುದು ಈಗ ಒಂದು ರೂಢಿ. ಈ ಗಾಡಿಗಳಲ್ಲಿ ಬಹುಪಾಲು ವಾರವಿಡೀ ಆಫೀಸಿಗೆ ಹೋಗುತ್ತವೆ, ಮಕ್ಕಳನ್ನು ಶಾಲೆಗೆ ಬಿಡುತ್ತವೆ, ಬೇಸ್‌ಮೆಂಟಿನಲ್ಲಿ ನಿಲ್ಲುತ್ತವೆ. ಸಕಲೇಶಪುರದ ಕಡೆಗೋ ಕೊಡಗಿನ ಕಡೆಗೋ ಮಣ್ಣಿನ ದಾರಿ ಕಾಣುವುದು ಯಾವಾಗಲೋ ಒಮ್ಮೆ. ಆದ್ದರಿಂದ ಈ ರೂಢಿಯನ್ನು ಆ ಒಂದು ದಿನದ ಸಾಹಸದಿಂದಲ್ಲ, ಉಳಿದ ದಿನಗಳ ಓಡಾಟದಿಂದ ತೂಗಬೇಕು. ಹಾಗೆ ತೂಗಿದರೆ, ದಿನಬಳಕೆಯ ಗಾಡಿಗೆ ಒಳ್ಳೆಯ ಟೈರ್ ಸಮರ್ಥನೀಯ ಖರ್ಚು, ಲಿಫ್ಟ್ ಕಿಟ್ ಅಲ್ಲ ಎಂಬುದು ನನ್ನ ನಿಲುವು. ಇವೆರಡನ್ನೂ ಒಂದೇ ಪ್ಯಾಕೇಜಿನಂತೆ ಮಾರುವುದರಿಂದಲೇ ಯಾವುದರಿಂದ ಏನು ಸಿಕ್ಕಿತು ಎಂಬುದು ಮಾಲೀಕರಿಗೆ ಗೊತ್ತಾಗದೆ ಹೋಗುತ್ತದೆ.

ಮೊದಲು ಗ್ರೌಂಡ್ ಕ್ಲಿಯರೆನ್ಸ್ ವಿಷಯ. ಜಿಮ್ನಿಯ ಹಿಂದೆ ಮುಂದೆ ಎರಡೂ ಕಡೆ ಇರುವುದು ಇಡಿಯ ಆಕ್ಸಲ್. ಒಂದು ಚಕ್ರದಿಂದ ಇನ್ನೊಂದು ಚಕ್ರಕ್ಕೆ ಉಕ್ಕಿನ ಕೊಳವೆ, ಅದರ ನಡುವೆ, ಇಂಜಿನ್ನಿನ ಬಲವನ್ನು ಎರಡೂ ಚಕ್ರಕ್ಕೆ ಹಂಚುವ ಡಿಫರೆನ್ಷಿಯಲ್ಲಿನ ಉಬ್ಬು. ಕಂಪನಿ ಹೇಳುವ 210 ಮಿಲಿಮೀಟರ್ ಸಿಗುವುದು ಈ ಉಬ್ಬಿನ ಕೆಳಗೆ. ಕಲ್ಲು ಮೊದಲು ತಾಗುವುದೂ ಅಲ್ಲೇ. ಸ್ಪ್ರಿಂಗ್ ಕುಳಿತಿರುವುದು ಆಕ್ಸಲ್ಲಿನ ಮೇಲೆ. ಉದ್ದದ ಸ್ಪ್ರಿಂಗ್ ಹಾಕಿದರೆ ಏಳುವುದು ಸ್ಪ್ರಿಂಗಿನ ಮೇಲಿರುವ ಚಾಸಿ ಮತ್ತು ಬಾಡಿ ಮಾತ್ರ, ಆಕ್ಸಲ್ ಇದ್ದಲ್ಲೇ ಇರುತ್ತದೆ. ಐವತ್ತು ಮಿಲಿಮೀಟರ್ ಲಿಫ್ಟ್ ಮಾಡಿಸಿದ ಜಿಮ್ನಿಯ ಡಿಫರೆನ್ಷಿಯಲ್ ನೆಲದಿಂದ ಇರುವ ಎತ್ತರ ಮೊದಲೆಷ್ಟಿತ್ತೋ ಈಗಲೂ ಅಷ್ಟೇ. ಅದನ್ನು ಮೇಲೆತ್ತಬಲ್ಲದ್ದು ಟೈರ್ ಒಂದೇ, ಅದೂ ವ್ಯಾಸದಲ್ಲಿ ಹೆಚ್ಚಾದದ್ದರ ಅರ್ಧದಷ್ಟು. ಕಂಪನಿಯ 195/80 ಆರ್15 ಟೈರಿನ ವ್ಯಾಸ 693 ಮಿಲಿಮೀಟರ್. 215/75 ಆರ್15 ಹಾಕಿದರೆ 703.5, ಅಂದರೆ ಡಿಫರೆನ್ಷಿಯಲ್ಲಿಗೆ ಸಿಕ್ಕಿದ್ದು ಐದು ಮಿಲಿಮೀಟರ್. ಇನ್ನೂ ಮುಂದೆ ಹೋಗಿ 235/75 ಆರ್15 ಹಾಕಿದರೆ 733.5, ಸಿಕ್ಕಿದ್ದು ಇಪ್ಪತ್ತು. ಕೊರಕಲು ಬಿದ್ದ ತೋಟದ ದಾರಿಯಲ್ಲಿ ಎರಡು ಚಕ್ರದ ಗುರುತಿನ ನಡುವೆ ಎದ್ದ ದಿಬ್ಬಕ್ಕೆ ಆಕ್ಸಲ್ ಉಜ್ಜುವುದೇ ತೊಂದರೆಯಾಗಿದ್ದರೆ, ಲಿಫ್ಟ್ ಕಿಟ್ಟಿಗೆ ಕೊಟ್ಟ ಹಣ ಆ ತೊಂದರೆಯನ್ನು ಮುಟ್ಟುವುದೂ ಇಲ್ಲ.

ಹಾಗಾದರೆ ಲಿಫ್ಟ್ ಏನೂ ಕೊಡುವುದಿಲ್ಲವೇ? ಕೊಡುತ್ತದೆ, ಅದನ್ನು ಮರೆಮಾಚಬಾರದು. ಐದು ಬಾಗಿಲಿನ ಜಿಮ್ನಿಯ ವೀಲ್‌ಬೇಸ್ 2590 ಮಿಲಿಮೀಟರ್. ದಿಬ್ಬದ ನೆತ್ತಿಯ ಮೇಲೆ ಹೊಟ್ಟೆ ತಾಗದೆ ದಾಟುವ ರ‍್ಯಾಂಪ್ ಕೋನ ಅದಕ್ಕೆ 24 ಡಿಗ್ರಿ. ಚಾಸಿಯನ್ನು 50 ಮಿಲಿಮೀಟರ್ ಎತ್ತಿದರೆ ಜ್ಯಾಮಿತಿಯ ಸ್ಥೂಲ ಲೆಕ್ಕದಲ್ಲಿ ಅದು ನಾಲ್ಕು ಡಿಗ್ರಿಯಷ್ಟು ಸುಧಾರಿಸುತ್ತದೆ. ಮುಂದಿನ ಬಂಪರ್ ಏರಿಗೆ ತಾಗುವುದು ಕಡಿಮೆಯಾಗುತ್ತದೆ, ದೊಡ್ಡ ಟೈರ್ ತಿರುಗಲು ಫೆಂಡರಿನೊಳಗೆ ಜಾಗ ಸಿಗುತ್ತದೆ. ಬಂಡೆಗಳ ಮೇಲೆ ಗಾಡಿ ಹತ್ತಿಸುವವರಿಗೆ ಇದು ನಿಜವಾದ ಲಾಭ. ಆದರೆ ಈ ಲಾಭ ಒಂಟಿಯಾಗಿ ಬರುವುದಿಲ್ಲ. ಜಿಮ್ನಿಯ ಮುಂದಿನ ಆಕ್ಸಲ್ಲನ್ನು ಹಿಡಿದಿರುವ ಉದ್ದದ ತೋಳುಗಳು ಹಿಂದುಗಡೆ ಚಾಸಿಗೆ ಸೇರಿವೆ. ಚಾಸಿ ಏರಿದಾಗ ಆ ತೋಳುಗಳು ಕೆಳಕ್ಕೆ ವಾಲಿ, ಜೊತೆಗೆ ಆಕ್ಸಲ್ಲನ್ನೂ ಸ್ವಲ್ಪ ಹೊರಳಿಸುತ್ತವೆ. ಇದರಿಂದ ಕ್ಯಾಸ್ಟರ್ ಕೋನ ಕುಗ್ಗುತ್ತದೆ. ತಿರುವು ಮುಗಿದ ಮೇಲೆ ಸ್ಟೇರಿಂಗ್ ತಾನಾಗಿ ನೇರಕ್ಕೆ ಬರುವುದು, ಹೆದ್ದಾರಿಯಲ್ಲಿ ಗಾಡಿ ಅಲೆಯದೆ ನೇರ ಹೋಗುವುದು ಈ ಕೋನದಿಂದ. ಅದನ್ನು ಸರಿಪಡಿಸಲು ಬೇರೆ ಬುಷ್ ಅಥವಾ ಬೇರೆ ತೋಳು ಬೇಕು. ಆಕ್ಸಲ್ಲನ್ನು ಅಡ್ಡಕ್ಕೆ ಹಿಡಿದಿರುವ ಪ್ಯಾನ್‌ಹಾರ್ಡ್ ರಾಡ್ ಉದ್ದದಲ್ಲಿ ಬದಲಾಗದ ಕಾರಣ, ಗಾಡಿ ಏರಿದಂತೆ ಆಕ್ಸಲ್ ಒಂದು ಪಕ್ಕಕ್ಕೆ ಸರಿಯುತ್ತದೆ. ಅದಕ್ಕೆ ಹೊಂದಿಸಬಲ್ಲ ರಾಡ್ ಬೇಕು. ಪ್ರೊಪೆಲ್ಲರ್ ಶಾಫ್ಟಿನ ಕೋನ ಬದಲಾಗಿ ನಡುಕ ಬರಬಹುದು, ಬ್ರೇಕ್ ಹೋಸ್ ಚಕ್ರ ಪೂರ್ತಿ ಕೆಳಗಿಳಿದಾಗ ಬಿಗಿಯಬಹುದು. ಒಳ್ಳೆಯ ಕಿಟ್ ಇವೆಲ್ಲವನ್ನೂ ಒಳಗೊಂಡಿರುತ್ತದೆ, ಬೆಲೆಯೂ ಹಾಗೇ ಇರುತ್ತದೆ. ನಮ್ಮಲ್ಲಿ ಹೆಚ್ಚು ಮಂದಿ ಹಾಕಿಸುವುದು ಬರೀ ಸ್ಪ್ರಿಂಗು, ಶಾಕ್ ಅಬ್ಸಾರ್ಬರು.

ಥಾರ್‌ನ ಕಥೆ ಸ್ವಲ್ಪ ಬೇರೆ. ಅದರ ಹಿಂದಿನದು ಇಡಿಯ ಆಕ್ಸಲ್ಲೇ ಆದರೂ ಮುಂದಿನ ಸಸ್ಪೆನ್ಶನ್ ಸ್ವತಂತ್ರ, ಮುಂದಿನ ಡಿಫರೆನ್ಷಿಯಲ್ ಚಾಸಿಗೆ ಕಟ್ಟಿದ್ದು. ಇಲ್ಲಿ ಲಿಫ್ಟ್ ಮಾಡಿದರೆ ಮುಂದಿನ ಡಿಫರೆನ್ಷಿಯಲ್ ನಿಜಕ್ಕೂ ಮೇಲೇಳುತ್ತದೆ. ಅದು ಎದ್ದಷ್ಟೂ ಅಲ್ಲಿಂದ ಚಕ್ರಕ್ಕೆ ಹೋಗುವ ಡ್ರೈವ್ ಶಾಫ್ಟುಗಳು ಇಳಿಜಾರಾಗುತ್ತವೆ. ಅವುಗಳ ತುದಿಯ ಸಿವಿ ಜಾಯಿಂಟ್, ಅದನ್ನು ಮುಚ್ಚಿರುವ ರಬ್ಬರ್ ಬೂಟು ಪ್ರತಿ ಸುತ್ತಿಗೂ ಹೆಚ್ಚು ಬಾಗಿ ತಿರುಗಬೇಕಾಗುತ್ತದೆ. ಬೂಟಿನ ಮಡಿಕೆ ಹರಿದು ಗ್ರೀಸ್ ರಿಮ್ಮಿನ ಒಳಮೈಗೆಲ್ಲ ಚಿಮ್ಮಿರುವುದು ಕಂಡರೆ, ಒಳಗೆ ಧೂಳು, ನೀರು ಆಗಲೇ ಸೇರಿದೆ ಎಂದರ್ಥ. ಅಗ್ಗದ ದಾರಿಯಾದ ಸ್ಪೇಸರ್ ಇನ್ನೂ ಕೆಟ್ಟದ್ದು. ಸ್ಪ್ರಿಂಗಿನ ಮೇಲೆ ಒಂದು ಲೋಹದ ಬಿಲ್ಲೆ ಕೂರಿಸಿ ಗಾಡಿಯನ್ನು ಎತ್ತಿ ನಿಲ್ಲಿಸಬಹುದು, ಆದರೆ ಚಕ್ರ ಮೇಲೆ ಕೆಳಗೆ ಆಡುವ ಅಳತೆ ಅದರಿಂದ ಒಂದಿಷ್ಟೂ ಹೆಚ್ಚುವುದಿಲ್ಲ. ಒರಟು ನೆಲದಲ್ಲಿ ಬೇಕಾದದ್ದು ಆ ಆಟ. ನಿಂತ ಗಾಡಿಯ ಎತ್ತರ ನೋಡಿ ಕಾಡಿನ ದಾರಿಯ ಸಾಮರ್ಥ್ಯ ಅಳೆಯುವುದು ಈ ರೂಢಿಯ ಮೂಲ ದೋಷ ಎಂದು ನನಗನ್ನಿಸುತ್ತದೆ.

ಇನ್ನು ದಿನನಿತ್ಯ ತೆರಬೇಕಾದ ಬೆಲೆ. ಗಾಡಿ ಮಗುಚುವ ಪ್ರವೃತ್ತಿಯನ್ನು ಅಳೆಯಲು ಅಮೆರಿಕದ ಹೆದ್ದಾರಿ ಸುರಕ್ಷತಾ ಸಂಸ್ಥೆ ಒಂದು ಸರಳ ಸೂತ್ರ ಬಳಸುತ್ತದೆ: ಎಡಬಲ ಚಕ್ರಗಳ ನಡುವಿನ ಅಂತರದ ಅರ್ಧವನ್ನು ಗುರುತ್ವಕೇಂದ್ರದ ಎತ್ತರದಿಂದ ಭಾಗಿಸುವುದು. ಜಿಮ್ನಿಯಲ್ಲಿ ಚಕ್ರಗಳ ಅಂತರ ಸುಮಾರು 1400 ಮಿಲಿಮೀಟರ್. ಗುರುತ್ವಕೇಂದ್ರ 650ರಲ್ಲಿದೆ ಎಂದು ಉದಾಹರಣೆಗೆ ಇಟ್ಟುಕೊಂಡರೆ ಉತ್ತರ 1.08. ಲಿಫ್ಟು, ಟೈರು ಸೇರಿ ಅದನ್ನು 60 ಮಿಲಿಮೀಟರ್ ಏರಿಸಿದರೆ 0.99. ಈ ಶೇಕಡಾ ಎಂಟರ ನಷ್ಟ ಬಂಡೆಯ ಮೇಲೆ ನಿಧಾನಕ್ಕೆ ಹತ್ತುವಾಗ ಗೊತ್ತಾಗದಿರಬಹುದು. ಬೆಂಗಳೂರಿನ ನೈಸ್ ರಸ್ತೆಯಲ್ಲಿ ಎದುರಿಗೆ ಏಕಾಏಕಿ ಬೈಕ್ ಅಡ್ಡ ಬಂದು ಸ್ಟೇರಿಂಗ್ ತಟ್ಟನೆ ತಿರುಗಿಸಿದಾಗ ಗೊತ್ತಾಗುತ್ತದೆ. ಅಂಥ ಗಳಿಗೆಯಲ್ಲಿ ಗಾಡಿ ಜಾರದಂತೆ ಕಾಪಾಡಬೇಕಾದ ಇಎಸ್‌ಪಿ ವ್ಯವಸ್ಥೆಯನ್ನು ಕಂಪನಿ ಹೊಂದಿಸಿದ್ದು ಮೂಲ ಎತ್ತರಕ್ಕೆ, ಮೂಲ ಟೈರಿಗೆ. 235ರ ಟೈರ್ ಒಂದು ಸುತ್ತಿಗೆ ಶೇಕಡಾ ಆರರಷ್ಟು ಹೆಚ್ಚು ದೂರ ಉರುಳುವುದರಿಂದ ಮೊದಲು 100 ಕಿಲೋಮೀಟರ್ ವೇಗದಲ್ಲಿದ್ದ ಗಾಡಿ ಈಗ ಮೀಟರಿನ ಅದೇ ಗುರುತಿನಲ್ಲಿ 106ರಲ್ಲಿ ಓಡುತ್ತಿರುತ್ತದೆ. ಅಷ್ಟೇ ಪ್ರಮಾಣದಲ್ಲಿ ಎಲ್ಲ ಗೇರುಗಳೂ ಭಾರವಾಗುತ್ತವೆ. 134 ನ್ಯೂಟನ್ ಮೀಟರ್ ಟಾರ್ಕಿನ ಒಂದೂವರೆ ಲೀಟರ್ ಪೆಟ್ರೋಲ್ ಇಂಜಿನ್ ಚಾರ್ಮಾಡಿ ಘಾಟಿ ಹತ್ತುವಾಗ ಈ ಕೊರತೆಯನ್ನು ಚಾಲಕನ ಗೇರ್ ಹಿಡಿದ ಕೈಗೆ ಹೇಳುತ್ತದೆ. ಬ್ರೇಕಿಗೂ ಇದೇ ಪಾಡು. ಅದೇ ಡಿಸ್ಕ್, ಅದೇ ಪ್ಯಾಡ್ ಈಗ ಹೆಚ್ಚು ತೂಕದ, ಹೆಚ್ಚು ಸುತ್ತಳತೆಯ ಚಕ್ರವನ್ನು ನಿಲ್ಲಿಸಬೇಕು. ಐದನೆಯ ಚಕ್ರವನ್ನಂತೂ ಯಾರೂ ಲೆಕ್ಕಕ್ಕೆ ಹಿಡಿಯುವುದಿಲ್ಲ. ಜಿಮ್ನಿ, ಥಾರ್ ಎರಡರಲ್ಲೂ ಸ್ಟೆಪ್ನಿ ತೂಗುವುದು ಹಿಂಬಾಗಿಲಿನ ಮೇಲೆ. ದೊಡ್ಡ ಟೈರನ್ನೇ ಅಲ್ಲೂ ತೂಗುಹಾಕಿದರೆ ರಸ್ತೆಯ ಪ್ರತಿ ಹಂಪಿಗೂ ಬಾಗಿಲಿನ ಕೀಲು ಜಗ್ಗುತ್ತದೆ. ಚಿಕ್ಕದನ್ನು ಉಳಿಸಿಕೊಂಡರೆ ಪಂಕ್ಚರ್ ಆದ ದಿನ ಒಂದು ಚಕ್ರ ಬೇರೆ ಅಳತೆಯದಾಗಿರುವುದರಿಂದ ಫೋರ್ ವೀಲ್ ಡ್ರೈವ್ ಹಾಕುವಂತಿಲ್ಲ.

ನಮ್ಮ ರಸ್ತೆಗಳೇ ಗುಂಡಿಬಿದ್ದಿರುವಾಗ ಎತ್ತರ ದಿನವೂ ಉಪಯೋಗಕ್ಕೆ ಬರುತ್ತದಲ್ಲ ಎಂಬ ಆಕ್ಷೇಪ ಸಹಜ. ಗುಂಡಿಯ ಹೊಡೆತವನ್ನು ನುಂಗುವುದು ಟೈರಿನ ಪಕ್ಕದ ಗೋಡೆಯ ಎತ್ತರ ಮತ್ತು ಶಾಕ್ ಅಬ್ಸಾರ್ಬರಿನ ಗುಣ, ಚಾಸಿಯ ಎತ್ತರವಲ್ಲ. ಕಾರುಗಳೇ ದಾಟುವ ಹಂಪುಗಳನ್ನು 226 ಮಿಲಿಮೀಟರ್ ಕ್ಲಿಯರೆನ್ಸಿನ ಥಾರ್ ದಾಟಲಾರದೆ ಹೋಗುವುದಿಲ್ಲ. ಕಾಡಿನ ದಾರಿಗೆ ಇದು ಸಾಲದು ಎನ್ನುವವರು ಕೊಡಚಾದ್ರಿಯನ್ನು ನೋಡಬೇಕು. ಕೊಲ್ಲೂರಿನ ಕಡೆಯಿಂದ ಯಾತ್ರಿಕರನ್ನು ತುಂಬಿಕೊಂಡು ಆ ಕಲ್ಲಿನ ಏರನ್ನು ದಿನವೂ ಹತ್ತಿಳಿಯುವ ಹಳೆಯ ಮಹೀಂದ್ರಾ ಜೀಪುಗಳು ಹೆಚ್ಚಾಗಿ ಲೀಫ್ ಸ್ಪ್ರಿಂಗಿನ ಮೇಲೆ, ಕಂಪನಿ ಕೊಟ್ಟ ಎತ್ತರದಲ್ಲೇ ಓಡುತ್ತವೆ. ಮಡಿಕೇರಿ ಬಳಿಯ ಮಾಂದಲಪಟ್ಟಿಯಲ್ಲೂ ಅಷ್ಟೇ. ಹಳೆಯ ಜೀಪಿಗೆ ಬರುತ್ತಿದ್ದ 6.00-16 ಟೈರ್ ಕಿರಿದು, ಕಚ್ಚು ಆಳ. ಅಗಲದ ಟೈರ್ ಕೆಸರಿನ ಮೇಲೆ ತೇಲುವ ಕಡೆ ಇದು ಕೆಸರು ಸೀಳಿ ಕೆಳಗಿನ ಗಟ್ಟಿ ನೆಲ ಹಿಡಿಯುತ್ತದೆ. ಆ ಚಾಲಕರಿಗೆ ದಾರಿಯ ಕಲ್ಲು ಕಲ್ಲೂ ಗೊತ್ತು, ಅವರಿಗೂ ವಾರಾಂತ್ಯದ ಚಾಲಕರಿಗೂ ಹೋಲಿಕೆಯೇ ಎಂದರೆ, ಒಪ್ಪುತ್ತೇನೆ. ಹಾಗಾದರೆ ಕೊರತೆ ಇರುವುದು ಕಲ್ಲನ್ನು ಚಕ್ರದ ಕೆಳಗೆ ತರಬೇಕೋ ಚಕ್ರಗಳ ನಡುವೆ ಬಿಡಬೇಕೋ ಎಂದು ಓದುವ ಕಣ್ಣಿನಲ್ಲಿ. ಎರಡು ಇಂಚು ಎತ್ತರ ಆ ಕಣ್ಣನ್ನು ಕೊಡುವುದಿಲ್ಲ. ಮಣ್ಣಿನ ದಾರಿಗೆ ಇಳಿಯುವ ಮುನ್ನ ಟೈರಿನ ಗಾಳಿಯನ್ನು ಮೂರನೇ ಒಂದು ಪಾಲಿನಷ್ಟು ಇಳಿಸಿ, ನಿಧಾನವಾಗಿ ಓಡಿಸಿ, ವಾಪಸು ಡಾಂಬರಿಗೆ ಬಂದಾಗ ಸಣ್ಣ ಕಂಪ್ರೆಸರಿನಿಂದ ತುಂಬಿಕೊಳ್ಳುವುದು ಯಾವ ಕಿಟ್ಟಿಗಿಂತಲೂ ಹೆಚ್ಚು ಹಿಡಿತ ಕೊಡುತ್ತದೆ. ಟೈರ್ ಮೆತ್ತಗಾಗಿ ನೆಲಕ್ಕೆ ಉದ್ದಕ್ಕೆ ಅಂಟುತ್ತದೆ, ಕಲ್ಲನ್ನು ತಬ್ಬಿ ಹಿಡಿಯುತ್ತದೆ. ಸಂಜೆಯ ಹೊತ್ತಿಗೆ ಗಾಡಿ ಮತ್ತೆ ಮೂಲ ಸ್ಥಿತಿಯಲ್ಲಿರುತ್ತದೆ.

ಇನ್ನೊಂದು ಆಕ್ಷೇಪಕ್ಕೆ ನಾನು ತಲೆಬಾಗುತ್ತೇನೆ. ಸ್ಟೀಲ್ ಬಂಪರ್, ವಿಂಚ್, ಮೇಲ್ಚಾವಣಿಯ ಟೆಂಟ್, ಕ್ಯಾಂಪಿಂಗ್ ಸಾಮಾನು ಸದಾ ಹೊತ್ತು ತಿರುಗುವ ಗಾಡಿ ತೂಕಕ್ಕೆ ಕುಸಿದಿರುತ್ತದೆ. ಅದಕ್ಕೆ ಗಟ್ಟಿ ಸ್ಪ್ರಿಂಗ್ ಹಾಕಿ ಮೂಲ ಎತ್ತರಕ್ಕೆ ತರುವುದು ಅಗತ್ಯವೇ. ಅದು ಲಿಫ್ಟ್ ಅಲ್ಲ, ದುರಸ್ತಿ. ಖಾಲಿ ಗಾಡಿಗೆ ಅದೇ ಗಟ್ಟಿ ಸ್ಪ್ರಿಂಗ್ ಹಾಕಿಸಿದರೆ ಹಿಂದಿನ ಸೀಟಿನಲ್ಲಿ ಕೂತವರ ಬೆನ್ನಿಗೆ ತೊಂದರೆ. ನೋಟದ ವಿಷಯವನ್ನೂ ಹಗುರವಾಗಿ ತಳ್ಳಿಹಾಕಲಾರೆ. ಎತ್ತರದ ಗಾಡಿ ಚೆಂದ ಕಾಣುತ್ತದೆ ಎಂಬುದು ಪ್ರಾಮಾಣಿಕ ಕಾರಣ, ಅದನ್ನು ಹಾಗೇ ಹೇಳಿದರೆ ತಕರಾರಿಲ್ಲ. ಆದರೆ ಆ ಚೆಂದಕ್ಕೆ ಸಾಮರ್ಥ್ಯದ ಹೆಸರು ಕೊಟ್ಟು ಮಾರುವುದು ಕೊಳ್ಳುವವರಿಗೆ ಮಾಡುವ ಅನ್ಯಾಯ, ಏಕೆಂದರೆ ನಂಬಿ ಕೊಂಡವರು ತಮ್ಮ ಗಾಡಿಗೆ ಮೀರಿದ ದಾರಿಗೂ ಇಳಿಯುತ್ತಾರೆ. ನೋಟವಷ್ಟೇ ಬೇಕಾದವರಿಗೆ ಮೂಲ ಅಳತೆಗೆ ಹತ್ತಿರದ, ಒರಟು ಕಚ್ಚಿನ ಆಲ್ ಟೆರೇನ್ ಟೈರ್ ಸಾಕು. ಥಾರ್‌ನ ಬೇರೆ ಬೇರೆ ಮಾದರಿಗಳಿಗೆ ಕಂಪನಿಯೇ 245/75 ಆರ್16 ಮತ್ತು 255/65 ಆರ್18 ಎರಡನ್ನೂ ಕೊಟ್ಟಿದೆ. ಅವುಗಳ ವ್ಯಾಸದ ವ್ಯತ್ಯಾಸ ಹದಿನೈದು ಮಿಲಿಮೀಟರ್, ಶೇಕಡಾ ಎರಡರ ಆಸುಪಾಸು. ಜಿಮ್ನಿಗೆ 215/75 ಹಾಕಿದಾಗ ಆಗುವ ಬದಲಾವಣೆ ಶೇಕಡಾ ಒಂದೂವರೆ. ದಿನಬಳಕೆಯ ಗಾಡಿಗೆ ನಾನು ಗೆರೆ ಎಳೆಯುವುದು ಇಲ್ಲಿ.

ಕಾನೂನು ಇದಕ್ಕಿಂತ ಬಿಗಿ. ಗಾಡಿಯ ನೋಂದಣಿ ವಿವರಗಳು ತಯಾರಕರು ಕೊಟ್ಟ ಮೂಲ ವಿವರಗಳಿಗಿಂತ ಬೇರೆಯಾಗುವಂತೆ ಮಾಲೀಕರು ಮಾರ್ಪಾಡು ಮಾಡಬಾರದು ಎನ್ನುತ್ತದೆ 1988ರ ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್. ಕೇರಳದಿಂದ ಬಂದ ಪ್ರಕರಣವೊಂದರಲ್ಲಿ ಸುಪ್ರೀಂ ಕೋರ್ಟ್ 2019ರ ಜನವರಿಯಲ್ಲಿ ಇದನ್ನೇ ಎತ್ತಿಹಿಡಿಯಿತು. ಅದೇ ವರ್ಷದ ತಿದ್ದುಪಡಿ ಅನುಮತಿಯಿಲ್ಲದ ಪ್ರತಿ ಮಾರ್ಪಾಡಿಗೆ 5,000 ರೂಪಾಯಿ ದಂಡ ಅಥವಾ ಆರು ತಿಂಗಳವರೆಗೆ ಸೆರೆವಾಸ ಅಥವಾ ಎರಡನ್ನೂ ಸೇರಿಸಿತು. ಅಪಘಾತವಾದ ಮೇಲೆ ವಿಮೆಯ ಸರ್ವೇಯರ್ ಅಳತೆ ಪಟ್ಟಿ ಹಿಡಿದು ಬಂದಾಗ, ವಿಮಾ ಕಂಪನಿಗೆ ತಿಳಿಸದೆ ಹಾಕಿಸಿದ ಕಿಟ್ ಕ್ಲೇಮಿಗೆ ಅಡ್ಡಬರಬಹುದು. ಈ ಕಾನೂನು ಅತಿಯಾಯಿತು ಎಂದು ಮಾರ್ಪಾಡುಪ್ರಿಯರು ದೂರುವುದರಲ್ಲಿ ಅರ್ಥವಿದೆ. ಆಸ್ಟ್ರೇಲಿಯಾದಲ್ಲಿ ಇಷ್ಟು ಮಿಲಿಮೀಟರ್‌ವರೆಗೆ ಎತ್ತರಿಸಬಹುದು, ಟೈರ್ ಇಷ್ಟು ದೊಡ್ಡದಾಗಬಹುದು, ಅದಕ್ಕೆ ಮೀರಿದರೆ ಇಂಜಿನಿಯರ್ ಪರೀಕ್ಷಿಸಿ ಪ್ರಮಾಣಪತ್ರ ಕೊಡಬೇಕು ಎಂಬ ಸ್ಪಷ್ಟ ನಿಯಮಗಳಿವೆ. ನಮ್ಮಲ್ಲೂ ಅಂಥದ್ದೊಂದು ಅಳತೆ ಬೇಕು. ಈಗಿರುವಂತೆ ಅಚ್ಚುಕಟ್ಟಾಗಿ ಕ್ಯಾಸ್ಟರ್ ಸರಿಪಡಿಸಿ, ಬ್ರೇಕ್ ಹೋಸ್ ಉದ್ದ ಮಾಡಿಸಿ ಕಿಟ್ ಹಾಕಿಸಿದವರೂ, ಗಲ್ಲಿಯ ಗ್ಯಾರೇಜಿನಲ್ಲಿ ಬಿಲ್ಲೆ ಕೂರಿಸಿ ಅಲೈನ್‌ಮೆಂಟ್ ಕೂಡ ನೋಡದೆ ಹೊರಟವರೂ ಆರ್‌ಟಿಓ ಕಣ್ಣಿಗೆ ಒಂದೇ. ಪ್ರಮಾಣಪತ್ರದ ಪದ್ಧತಿ ಬಂದರೆ ಎರಡನೆಯವರು ರಸ್ತೆಗೆ ಬರುವ ಮುಂಚೆಯೇ ಪರೀಕ್ಷೆಯ ಬೆಂಚಿನ ಮೇಲೆ ನಿಲ್ಲಬೇಕಾಗುತ್ತದೆ.