ಎಣಿಕೆಗೆ ಸಿಕ್ಕ ಚಾರ್ಜರ್, ಕೈಗೆ ಸಿಗದ ಕರೆಂಟು

ಎಲೆಕ್ಟ್ರಿಕ್ ಕಾರು ಕೊಂಡ ದಿನದಿಂದ ಮದುವೆ ಮನೆಯಲ್ಲಿ, ಗೃಹಪ್ರವೇಶದಲ್ಲಿ, ಆಫೀಸಿನ ಲಿಫ್ಟಿನಲ್ಲಿ ನನಗೆ ಎದುರಾಗುವ ಪ್ರಶ್ನೆ ಒಂದೇ: ‘ಅಲ್ಲಾ, ಚಾರ್ಜಿಂಗ್ ಸ್ಟೇಷನ್ನೇ ಇಲ್ವಲ್ಲ, ದೂರ ಹೋಗೋದು ಹೇಗೆ?’ ಸರ್ಕಾರದ ಕಡೆಯಿಂದ ಇದಕ್ಕೆ ಬರುವ ಉತ್ತರವೂ ಒಂದೇ: ಇಷ್ಟು ಸಾವಿರ ಹಾಕಿದ್ದೇವೆ, ಇನ್ನಿಷ್ಟು ಸಾವಿರ ಹಾಕುತ್ತೇವೆ. ಕೇಳುವವರೂ ಹೇಳುವವರೂ ಎದುರಾಳಿಗಳಂತೆ ಕಂಡರೂ ಒಂದು ಮಾತನ್ನು ಇಬ್ಬರೂ ಒಪ್ಪಿಬಿಟ್ಟಿದ್ದಾರೆ. ಚಾರ್ಜರುಗಳ ಸಂಖ್ಯೆ ಏರಿದರೆ ಕಷ್ಟ ತೀರುತ್ತದೆ ಎಂಬ ಮಾತು ಅದು. ಮೂರು ವರ್ಷ ಬೆಂಗಳೂರು, ಮೈಸೂರು, ಮಂಗಳೂರು ಎಂದು ಓಡಾಡಿದ ಮೇಲೆ ನನಗೆ ಅದರಲ್ಲಿ ನಂಬಿಕೆ ಉಳಿದಿಲ್ಲ. ಯಂತ್ರಗಳು ಬೇಕಾದಷ್ಟು ಬರುತ್ತಿವೆ. ಅವುಗಳನ್ನು ನೋಡಿಕೊಳ್ಳುವವರು ಬರುತ್ತಿಲ್ಲ.

ಕಳೆದ ಮಳೆಗಾಲದಲ್ಲಿ ಮಂಗಳೂರಿನಿಂದ ವಾಪಸು ಬರುತ್ತಿದ್ದೆ. ಶಿರಾಡಿ ಘಾಟಿ ಹತ್ತುವಾಗ ಬ್ಯಾಟರಿ ಕಣ್ಣೆದುರೇ ಇಳಿಯುತ್ತದೆ. ಒಂದೂವರೆ ಟನ್ನಿನ ಕಾರನ್ನು ಸುಮಾರು 900 ಮೀಟರ್ ಮೇಲಕ್ಕೆ ಎತ್ತುವುದಕ್ಕೇ ಹತ್ತಿರ ಹತ್ತಿರ ನಾಲ್ಕು ಯೂನಿಟ್ ಬೇಕು, ಮುಂದಕ್ಕೆ ಓಡಿಸಲು ಬೇಕಾದದ್ದು ಬೇರೆ. ಸಕಲೇಶಪುರ ಮುಟ್ಟುವಾಗ ರಾತ್ರಿ ಒಂಬತ್ತೂವರೆ, ಬ್ಯಾಟರಿಯಲ್ಲಿ ಶೇಕಡಾ 17. ಸ್ವಲ್ಪ ಮುಂದೆ ಒಂದು ಹೋಟೆಲಿನ ಅಂಗಳದಲ್ಲಿ ಚಾರ್ಜರ್ ಇದೆಯೆಂದು ಆ್ಯಪ್ ಹಸಿರು ಗುರುತು ತೋರಿಸುತ್ತಿತ್ತು. ಹೋಗಿ ನೋಡಿದರೆ ಪರದೆಯ ಮೇಲೆ ಕೆಂಪು ಅಕ್ಷರದಲ್ಲಿ ‘ಫಾಲ್ಟ್’. ಗನ್ ತೆಗೆದು ಕಾರಿಗೆ ಚುಚ್ಚಿದೆ, ಏನೂ ಆಗಲಿಲ್ಲ. ಸಹಾಯವಾಣಿಗೆ ಫೋನು ಮಾಡಿದೆ. ಎಲ್ಲಿಯೋ ದೂರದಲ್ಲಿ ಕೂತ ಹುಡುಗಿ ಪಾಪ ಬಹಳ ಮರ್ಯಾದೆಯಿಂದ ಮಾತಾಡಿದಳು. ಯಂತ್ರವನ್ನು ಅಲ್ಲಿಂದಲೇ ರೀಸ್ಟಾರ್ಟ್ ಮಾಡಿ ನೋಡಿದಳು, ಆಗಲಿಲ್ಲ. ದೂರು ಬರೆದುಕೊಂಡು ಅದರ ಸಂಖ್ಯೆ ಕೊಟ್ಟಳು. ಆ ಹೊತ್ತಿನಲ್ಲಿ ನನಗೆ ಬೇಕಿದ್ದದ್ದು ದೂರಿನ ಸಂಖ್ಯೆಯಲ್ಲ.

ಟೇಬಲ್ ಒರೆಸುತ್ತಿದ್ದ ಹುಡುಗ ಬಾಗಿಲಲ್ಲಿ ನಿಂತು ನೋಡುತ್ತಿದ್ದ. ‘ಅಕ್ಕಾ, ಅದು ಕೆಟ್ಟಿಲ್ಲ. ಯಾರೋ ಕೆಂಪು ಗುಂಡಿ ಒತ್ತಿರ್ತಾರೆ’ ಎಂದ. ತಲೆಯ ಮೇಲೆ ಒಂದು ಪ್ಲಾಸ್ಟಿಕ್ ಚೀಲ ಹಾಕಿಕೊಂಡು ಮಳೆಯಲ್ಲೇ ಬಂದ. ಯಂತ್ರದ ಪಕ್ಕದಲ್ಲಿ ಅಣಬೆಯ ಹಾಗೆ ಉಬ್ಬಿದ ಎಮರ್ಜೆನ್ಸಿ ಗುಂಡಿಯಿರುತ್ತದೆ. ಒಮ್ಮೆ ಒತ್ತಿದರೆ ಒಳಗೇ ಸಿಕ್ಕಿಕೊಂಡು ಕರೆಂಟು ಕಡಿಯುತ್ತದೆ, ತಿರುಗಿಸಿದರೆ ಮಾತ್ರ ಹೊರಗೆ ಬರುತ್ತದೆ. ಅವನು ಬಲಕ್ಕೆ ತಿರುಗಿಸಿದ, ಟಕ್ಕೆಂದು ಗುಂಡಿ ಮೇಲೆದ್ದಿತು. ಎರಡು ನಿಮಿಷದಲ್ಲಿ ಯಂತ್ರದ ಫ್ಯಾನು ಗರ್ರೆಂದಿತು, ಕಾರಿನ ಲೈಟು ಹಸಿರಾಯಿತು. ಮುಕ್ಕಾಲು ಗಂಟೆಯಲ್ಲಿ ಇಪ್ಪತ್ತು ಯೂನಿಟ್ ತುಂಬಿತು, ಹಾಸನ ದಾಟಿ ಮುಂದಿನ ಚಾರ್ಜರ್ ಮುಟ್ಟಲು ಅಷ್ಟು ಸಾಕಾಗಿತ್ತು.

‘ಮಳೆ ಬಂದಾಗ ಲಾರಿಯೋರು ಈ ಶೀಟಿನ ಕೆಳಗೆ ನಿಂತ್ಕೋತಾರೆ. ಬೆನ್ನು ತಾಗಿ ಒತ್ತಿಕೊಂಡುಬಿಡತ್ತೆ’ ಎಂದ. ‘ಬಂದೋರು ನೋಡ್ಕೊಂಡು ಹಂಗೇ ವಾಪಸ್ ಹೋಗ್ತಾರೆ. ನಂಗ್ಯಾರೂ ಹೇಳ್ಕೊಟ್ಟಿಲ್ಲ ಅಕ್ಕಾ. ರಿಪೇರಿಗೆ ಬಂದೋರು ಮಾಡೋದನ್ನ ನೋಡ್ಕೊಂಡೆ.’

ಹಾಗೆ ಸತ್ತು ಕೂತ ದಿನಗಳಲ್ಲೂ ಆ ಯಂತ್ರ ರಾಜ್ಯದ ಲೆಕ್ಕದಲ್ಲಿ ಒಂದು ಚಾರ್ಜಿಂಗ್ ಸ್ಟೇಷನ್ನೇ. 2024ರ ಕೊನೆಗೆ ಕೇಂದ್ರ ಸರ್ಕಾರ ಕೊಟ್ಟ ಪಟ್ಟಿಯಲ್ಲಿ ದೇಶದ ಸಾರ್ವಜನಿಕ ಚಾರ್ಜಿಂಗ್ ಕೇಂದ್ರಗಳು 25,202. ಅದರಲ್ಲಿ ಕರ್ನಾಟಕದ್ದು 5,765, ಎಲ್ಲ ರಾಜ್ಯಗಳಿಗಿಂತ ಹೆಚ್ಚು. ಎಲೆಕ್ಟ್ರಿಕ್ ವಾಹನಗಳಿಗೆಂದೇ ನೀತಿ ತಂದ ಮೊದಲ ರಾಜ್ಯವೂ ನಮ್ಮದೇ, 2017ರಲ್ಲಿ. ಮರುವರ್ಷ ಬೆಂಗಳೂರಿನ ಕೆ.ಆರ್. ವೃತ್ತದ ತನ್ನ ಕಚೇರಿಯ ಅಂಗಳದಲ್ಲಿ ಬೆಸ್ಕಾಂ ಮೊದಲ ಚಾರ್ಜರ್ ನಿಲ್ಲಿಸಿತು. ಹೆಮ್ಮೆಪಡಬೇಕಾದ ವಿಷಯಗಳೇ ಇವು. ಆದರೆ 5,765 ಎಂಬ ಅಂಕಿ ಪ್ರಯಾಣಿಕನಿಗೆ ಬೇಕಾದ ಯಾವುದನ್ನೂ ಹೇಳುವುದಿಲ್ಲ. ಎಷ್ಟು ಯಂತ್ರಗಳು ಇವತ್ತು ಕೆಲಸ ಮಾಡುತ್ತಿವೆ? ಎಷ್ಟಕ್ಕೆ ಕಾರು ತುಂಬಿಸುವ ಬಲವಿದೆ? ಎಷ್ಟರ ಗನ್ನು ಈಗಿನ ಕಾರಿಗೆ ಹೊಂದುತ್ತದೆ? ಶುರುವಿನಲ್ಲಿ ಸರ್ಕಾರಿ ಕಚೇರಿಗಳ ಮುಂದೆ ನಿಲ್ಲಿಸಿದ ‘ಭಾರತ್ ಡಿಸಿ’ ಯಂತ್ರಗಳ ಬಲ 15 ಕಿಲೋವ್ಯಾಟ್, ಗನ್ನು ಜಿಬಿ/ಟಿ ಮಾದರಿಯದು. ಆಮೇಲೆ ಬಂದ ಕಾರುಗಳೆಲ್ಲ ಹೆಚ್ಚುಕಡಿಮೆ ಸಿಸಿಎಸ್-2 ಎಂಬ ಬೇರೆ ಮಾದರಿಗೆ ಹೊರಳಿದವು. ಆ ಹಳೆಯ ಯಂತ್ರ ಚೆನ್ನಾಗಿದ್ದರೂ ನನ್ನ ಕಾರಿಗೆ ಅದು ಬರೀ ಕಂಬ.

ಇದು ನಮ್ಮ ದೇಶದ ಗುಣ ಎಂದು ಯಾರೂ ಕೈಚೆಲ್ಲಬೇಕಾಗಿಲ್ಲ. ಕ್ಯಾಲಿಫೋರ್ನಿಯಾದ ಸ್ಯಾನ್‌ಫ್ರಾನ್ಸಿಸ್ಕೊ ಸುತ್ತಮುತ್ತ 2022ರಲ್ಲಿ ಸಂಶೋಧಕರು 181 ಫಾಸ್ಟ್ ಚಾರ್ಜಿಂಗ್ ಕೇಂದ್ರಗಳಿಗೆ ತಾವೇ ಹೋಗಿ 657 ಗನ್ನುಗಳನ್ನು ಒಂದೊಂದಾಗಿ ಪರೀಕ್ಷಿಸಿದರು. ಕೆಲಸ ಮಾಡಿದ್ದು ಶೇಕಡಾ 72.5. ಅಷ್ಟು ಹಣ, ಅಷ್ಟು ತಂತ್ರಜ್ಞಾನ ಇರುವ ಜಾಗದಲ್ಲೂ ನಾಲ್ಕರಲ್ಲೊಂದು ಕೈಕೊಟ್ಟಿತ್ತು. ಪರದೆ ಸತ್ತಿರುವುದು, ಹಣ ಕಟ್ಟಲಾಗದಿರುವುದು, ಕೇಬಲ್ ಗಿಡ್ಡವಾಗಿ ಕಾರಿಗೆ ತಾಗದಿರುವುದು ಅವರ ಪಟ್ಟಿಯಲ್ಲಿದ್ದವು. ಓದುವಾಗ ನನಗೆ ನಮ್ಮ ಹಾಸನ ರಸ್ತೆಯೇ ಕಣ್ಣಮುಂದೆ ಬಂತು. ಬ್ರಿಟನ್ ಇದಕ್ಕೊಂದು ದಾರಿ ಹುಡುಕಿಕೊಂಡಿದೆ. ಅಲ್ಲಿ 2023ರಲ್ಲಿ ಬಂದ ನಿಯಮದಂತೆ 50 ಕಿಲೋವ್ಯಾಟ್ ಮತ್ತು ಅದಕ್ಕೂ ಮೇಲಿನ ಚಾರ್ಜರುಗಳ ಜಾಲ ವರ್ಷದ ಸರಾಸರಿಯಲ್ಲಿ ಶೇಕಡಾ 99ರಷ್ಟು ಹೊತ್ತು ಸುಸ್ಥಿತಿಯಲ್ಲಿರಬೇಕು. ಹಗಲೂ ರಾತ್ರಿ ಉಚಿತ ಸಹಾಯವಾಣಿ ಇರಬೇಕು. ಎಷ್ಟು ಚಾರ್ಜರ್ ಹಾಕಿದಿರಿ ಎನ್ನುವ ಜೊತೆಗೆ ಎಷ್ಟು ಹೊತ್ತು ನಡೆಸಿದಿರಿ ಎಂದೂ ಅಲ್ಲಿನ ಸರ್ಕಾರ ಕೇಳುತ್ತದೆ.

ಈ ಪ್ರಶ್ನೆ ನಮ್ಮ ನಾಡಿಗೆ ಹೊಸದಲ್ಲ. ಹಳೆಯ ಶಾಸನಗಳಲ್ಲಿ ಕೆರೆ ಕಟ್ಟಿಸಿದವರ ಹೆಸರಿನ ಜೊತೆಗೇ ಕಟ್ಟುಕೊಡಗೆಯ ಮಾತು ಬರುತ್ತದೆ. ಕೆರೆಯನ್ನು ಕಟ್ಟಿ ಸುಸ್ಥಿತಿಯಲ್ಲಿ ಇಡುವವರಿಗೆ ಬಿಟ್ಟುಕೊಟ್ಟ ಭೂಮಿ ಅದು. ಹೂಳು ಹೊರುವ ಬಂಡಿಗೂ ಉಂಬಳಿ ಬಿಟ್ಟದ್ದುಂಟು. ಊರಿನಲ್ಲಿ ನೀರುಗಂಟಿ ಇರುತ್ತಿದ್ದ. ತೂಬು ಎತ್ತುವವನು, ಯಾರ ಗದ್ದೆಗೆ ಎಷ್ಟು ಹೊತ್ತು ನೀರೆಂದು ನೋಡುವವನು, ಏರಿ ಬಿರುಕು ಬಿಟ್ಟರೆ ಮೊದಲು ಕೂಗುವವನು. ಸುಗ್ಗಿಯಲ್ಲಿ ಕಣದಿಂದ ಅವನಿಗೆ ಪಾಲು ಹೋಗುತ್ತಿತ್ತು. ಕೆರೆ ಕಟ್ಟುವ ಕೆಲಸ ಒಂದು ದಿನಕ್ಕೆ ಮುಗಿಯುವುದಿಲ್ಲವೆಂದು ಕಂಡುಕೊಂಡಿದ್ದವರು ಮಾಡಿದ ಏರ್ಪಾಡು ಅದು.

ಈಗಿನ ನಮ್ಮ ಹಣ ಹೋಗುವುದು ಕಟ್ಟುವುದಕ್ಕೆ. 2023ರ ಮಾರ್ಚಿನಲ್ಲಿ ಕೇಂದ್ರದ ಫೇಮ್-2 ಯೋಜನೆಯಡಿ ಮೂರು ಸರ್ಕಾರಿ ತೈಲ ಕಂಪನಿಗಳಿಗೆ 7,432 ಫಾಸ್ಟ್ ಚಾರ್ಜಿಂಗ್ ಕೇಂದ್ರಗಳಿಗಾಗಿ 800 ಕೋಟಿ ರೂಪಾಯಿ ಮಂಜೂರಾಯಿತು, ಬಂಡವಾಳ ಸಹಾಯಧನವಾಗಿ. 2024ರಲ್ಲಿ ಬಂದ ಪಿಎಂ ಇ-ಡ್ರೈವ್ ಯೋಜನೆಯಲ್ಲಿ ಚಾರ್ಜರುಗಳಿಗೆಂದೇ 2,000 ಕೋಟಿ. ಇದೇ ಹಣದಲ್ಲಿ ಒಂದು ಭಾಗವನ್ನು ತಡೆಹಿಡಿದು, ಯಂತ್ರ ಓಡಿದ ದಿನಗಳ ಲೆಕ್ಕ ನೋಡಿ ಐದು ವರ್ಷಕ್ಕೆ ಹಂಚಿ ಕೊಟ್ಟರೆ, ಗುಂಡಿ ತಿರುಗಿಸಲು ಜನ ತಾವಾಗಿಯೇ ಹುಟ್ಟಿಕೊಳ್ಳುತ್ತಾರೆ.

ಪೆಟ್ರೋಲ್ ಬಂಕಿನವನು ಪಂಪು ಕೆಟ್ಟರೆ ಏಕೆ ಓಡಾಡುತ್ತಾನೆ? ಲೀಟರಿಗಿಷ್ಟೆಂದು ಅವನಿಗೆ ಕಮಿಷನ್ ಇದೆ, ಪಂಪು ನಿಂತ ಪ್ರತಿ ಗಂಟೆಯೂ ಅವನ ನಷ್ಟ. ನಾನು ನಿಂತಿದ್ದ ಹೋಟೆಲಿನ ಮಾಲೀಕರಿಗೆ ಸಿಗುವುದು ಜಾಗದ ಬಾಡಿಗೆ. ಚಾರ್ಜರ್ ಕೆಟ್ಟರೂ ಬಾಡಿಗೆ ಬರುತ್ತದೆ. ಆ ಹುಡುಗನಿಗಂತೂ ಏನೂ ಇಲ್ಲ. ಯೂನಿಟ್ಟಿಗೆ ಐವತ್ತು ಪೈಸೆ ಅವನ ಹೆಸರಿಗೆ ಹೋಗುವಂತಿದ್ದರೆ ಗನ್ನನ್ನು ಕೆಸರಿನಲ್ಲಿ ಬೀಳಗೊಡುತ್ತಿರಲಿಲ್ಲ. ಶೇಕಡಾ 80 ಆದ ಮೇಲೂ ಗನ್ ಕೀಳದೆ ಕೂತವರಿಗೆ ‘ಹಿಂದೆ ಇಬ್ಬರು ಕಾಯ್ತಿದಾರೆ’ ಎಂದು ಹೇಳುತ್ತಿದ್ದ. ಎಂಬತ್ತರ ನಂತರ ಬ್ಯಾಟರಿ ತಾನೇ ಕರೆಂಟು ಕಡಿಮೆ ಎಳೆದುಕೊಳ್ಳುತ್ತದೆ, ಕೊನೆಯ ಇಪ್ಪತ್ತಕ್ಕೆ ಹಿಂದಿನ ಐವತ್ತರಷ್ಟು ಹೊತ್ತು ಹಿಡಿಯುವುದುಂಟು. ಕಾಯುವವರ ಪಾಡು ಯಾವ ಆ್ಯಪಿಗೂ ಕಾಣುವುದಿಲ್ಲ.

ನನ್ನ ಮಾತಿಗೆ ಬರುವ ಗಟ್ಟಿ ಆಕ್ಷೇಪ ಹೀಗಿದೆ: ಹೆಚ್ಚು ಚಾರ್ಜರ್ ಇದ್ದರೆ ಒಂದು ಕೆಟ್ಟರೂ ಇನ್ನೊಂದಿರುತ್ತದಲ್ಲ? ಇರುತ್ತದೆ, ಇಪ್ಪತ್ತೈದು ಕಿಲೋಮೀಟರ್ ಆಚೆ. ಕೇಂದ್ರದ ಹಳೆಯ ಮಾರ್ಗಸೂಚಿ ಹೇಳಿದ್ದೇ ಹಾಗೆ, ಹೆದ್ದಾರಿಯಲ್ಲಿ 25 ಕಿ.ಮೀ.ಗೊಂದು, ನಗರದಲ್ಲಿ 3 ಕಿ.ಮೀ. ಚೌಕಕ್ಕೊಂದು. ನಕ್ಷೆಯ ಮೇಲೆ ಚುಕ್ಕೆ ಇಡುವುದಕ್ಕೆ ಇದು ಚೆಂದ. ಆದರೆ ಹೀಗೆ ಒಂಟೊಂಟಿಯಾಗಿ ಚದುರಿದ ಯಂತ್ರಕ್ಕೆ ದಿನಕ್ಕೆ ನಾಲ್ಕು ಕಾರು ಬಂದರೆ ಹೆಚ್ಚು. ಆ ಆದಾಯದಲ್ಲಿ ಕಾಯಲು ಯಾರನ್ನೂ ಇಡಲಾಗದು. ಕಾಯುವವರಿಲ್ಲದೆ ಕೆಡುತ್ತದೆ, ಕೆಟ್ಟಿದ್ದನ್ನು ನೋಡಿ ಬರುವವರೂ ನಿಲ್ಲುತ್ತಾರೆ. ಹತ್ತು ಊರಿಗೆ ಒಂದೊಂದು ಹಾಕುವ ಬದಲು ಒಂದೇ ಅಂಗಳದಲ್ಲಿ ಎಂಟು ಗನ್ ಇಡಿ. ಒಂದು ಕೆಟ್ಟರೆ ಏಳು ಇರುತ್ತವೆ, ಒಬ್ಬ ಕಾವಲುಗಾರನ ಸಂಬಳ ಹುಟ್ಟುತ್ತದೆ, ರಾತ್ರಿ ಒಂಟಿಯಾಗಿ ಬರುವ ಹೆಂಗಸಿಗೆ ಲೈಟೂ ಶೌಚಾಲಯವೂ ಸಿಗುತ್ತದೆ. ಮೈಸೂರು ಹೆದ್ದಾರಿಯಲ್ಲಿ ಬೈಪಾಸ್‌ಗಳು ಬಂದ ಮೇಲೆ ಹಳೆಯ ರಸ್ತೆಯ ಹೋಟೆಲುಗಳ ಚಾರ್ಜರಿಗೆ ಹೋಗಬೇಕಾದರೆ ಇಳಿದು ಊರೊಳಗೆ ಹುಡುಕಬೇಕು. ಅಲ್ಲಿ ಇಂಥ ಅಂಗಳ ಇನ್ನೂ ಜರೂರು.

ಸಂಖ್ಯೆ ಬೇಕಾದ ಜಾಗ ಒಂದಿದೆ, ಅದನ್ನು ನಾನು ಒಪ್ಪುತ್ತೇನೆ. ಅದು ಹೆದ್ದಾರಿಯಲ್ಲ, ವಾಹನ ಮಲಗುವ ಬೀದಿ. ಬೆಂಗಳೂರಿನಲ್ಲೇ ಹುಟ್ಟಿದ ರೇವಾ ಕಾರು 2001ರಲ್ಲಿ ರಸ್ತೆಗಿಳಿದಾಗ ಊರಿನಲ್ಲಿ ಇಂದಿನಂಥ ಚಾರ್ಜರುಗಳ ಜಾಲವಿರಲಿಲ್ಲ. ಮನೆಯ 15 ಆ್ಯಂಪ್ ಪ್ಲಗ್ಗಿಗೆ ಹಾಕಿ ಮಲಗುತ್ತಿದ್ದರು, ಬೆಳಿಗ್ಗೆ ತುಂಬಿರುತ್ತಿತ್ತು. ಈಗಿನ ಕಾರಿಗೂ ಆ ಪ್ಲಗ್ಗು ಸಾಕು. ಗಂಟೆಗೆ ಮೂರು ಯೂನಿಟ್ಟಿನಂತೆ ರಾತ್ರಿಯಿಡೀ ಹರಿದರೆ ನಗರದ ಎರಡು ಮೂರು ದಿನದ ಓಡಾಟ ಅದರಲ್ಲೇ ಮುಗಿಯುತ್ತದೆ. ಸ್ವಂತ ಪಾರ್ಕಿಂಗ್ ಇರುವ ನನ್ನಂಥವರಿಗೆ ನಗರದೊಳಗೆ ಸಾರ್ವಜನಿಕ ಚಾರ್ಜರಿನ ಹಂಗೇ ಇಲ್ಲ. ‘ಎಲ್ಲಿವೆ ಸ್ಟೇಷನ್ನು’ ಎಂದು ಕೇಳುವವರಲ್ಲಿ ಬಹಳ ಜನ ಪೆಟ್ರೋಲ್ ಬಂಕಿನ ರೂಢಿಯಿಂದ ಕೇಳುತ್ತಿರುತ್ತಾರೆ.

ಇಪ್ಪತ್ತು ಮೂವತ್ತರ ಸೈಟಿನಲ್ಲಿ ಮೂರು ಮಹಡಿ ಎದ್ದ ಮನೆಯ ಮೇಲಿನ ಬಾಡಿಗೆದಾರನಿಗೆ ಆ ಅನುಕೂಲವಿಲ್ಲ. ಅವನ ಸ್ಕೂಟರ್ ಬೀದಿಯಲ್ಲಿ ನಿಲ್ಲುತ್ತದೆ. ಕಿಟಕಿಯಿಂದ ವೈರು ಇಳಿಬಿಟ್ಟರೆ ಮನೆ ಮಾಲೀಕರು ಬೈಯುತ್ತಾರೆ, ಅವರ ಭಯವೂ ಸುಳ್ಳಲ್ಲ. ಎಲೆಕ್ಟ್ರಿಕ್ ಆಟೋ ಓಡಿಸುವವನಿಗೆ ಮಧ್ಯಾಹ್ನ ಎರಡು ಗಂಟೆ ಕಾಯುವುದೆಂದರೆ ಎರಡು ಗಂಟೆಯ ಬಾಡಿಗೆ ಹೋದಂತೆ. ಇವರಿಗೆ ಸಾರ್ವಜನಿಕ ಚಾರ್ಜರೇ ಮನೆಯ ಪ್ಲಗ್ಗು. ಆದರೆ ಬೆಲೆ ನೋಡಿ. ಗ್ಯಾರೇಜ್ ಇರುವ ನಾನು ಮನೆಯ ದರ ಕೊಡುತ್ತೇನೆ, ಜಿಎಸ್‌ಟಿ ಇಲ್ಲ. ಬೀದಿಯವನು ಕಂಪನಿಯ ದರದ ಮೇಲೆ ಶೇಕಡಾ 18 ಜಿಎಸ್‌ಟಿ ಕಟ್ಟುತ್ತಾನೆ. ಚಾರ್ಜಿಂಗ್ ಎನ್ನುವುದು ವಿದ್ಯುತ್ ಮಾರಾಟವಲ್ಲ, ಸೇವೆ ಎಂದು ಕೇಂದ್ರ ವಿದ್ಯುತ್ ಸಚಿವಾಲಯ 2018ರಲ್ಲಿ ಸ್ಪಷ್ಟಪಡಿಸಿತು. ಲೈಸೆನ್ಸಿಲ್ಲದೆ ಯಾರು ಬೇಕಾದರೂ ಚಾರ್ಜರ್ ಹಾಕಲು ದಾರಿಯಾದದ್ದು ಅದರಿಂದಲೇ, ಒಳ್ಳೆಯದಾಯಿತು. ಸೇವೆಯೆಂದ ಮೇಲೆ ಸೇವೆಯ ತೆರಿಗೆ ಬೆನ್ನಿಗೆ ಬಂತು. 2023ರಲ್ಲಿ ಮೈಸೂರಿನ ಚಾಮುಂಡೇಶ್ವರಿ ವಿದ್ಯುತ್ ಕಂಪನಿ ಕೇಳಿದ ಪ್ರಶ್ನೆಗೆ ರಾಜ್ಯದ ಜಿಎಸ್‌ಟಿ ಪ್ರಾಧಿಕಾರ ಕೊಟ್ಟ ಉತ್ತರವೂ ಇದೇ. ಕಾರಿಗೆ ಶೇಕಡಾ 5, ಕಾರಿಗೆ ಹಾಕುವ ಕರೆಂಟಿಗೆ 18. ಸ್ವಂತ ಪಾರ್ಕಿಂಗ್ ಇಲ್ಲದವನ ಮೇಲೆ ಬೀಳುವ ಈ ಹೊರೆಯನ್ನು ಇಳಿಸಿ, ಬೀದಿ ದೀಪದ ಕಂಬಕ್ಕೊಂದು, ಆಟೋ ಸ್ಟ್ಯಾಂಡಿಗೊಂದು ಸಾದಾ ಪ್ಲಗ್ಗು ಕೊಟ್ಟರೆ ದೊಡ್ಡ ಯಂತ್ರಗಳ ಅರ್ಧ ಕೆಲಸ ಅಲ್ಲೇ ಮುಗಿಯುತ್ತದೆ. ಅಗ್ಗದ ಪ್ಲಗ್ಗು ಕೆಟ್ಟರೆ ಬೀದಿಯ ಎಲೆಕ್ಟ್ರಿಷಿಯನ್ನೇ ಬದಲಿಸಬಲ್ಲ.

ಒಂದೊಂದು ಕಂಪನಿಗೂ ಒಂದೊಂದು ಆ್ಯಪ್, ಪ್ರತಿಯೊಂದರ ವ್ಯಾಲೆಟ್ಟಿಗೂ ಮುಂಗಡ ಹಣ ಎಂಬ ಕಾಟವೂ ಇದೆ. ತರಕಾರಿ ಗಾಡಿಯವರೂ ಕ್ಯೂಆರ್ ಕೋಡಿನಲ್ಲಿ ಹಣ ಪಡೆಯುವ ದೇಶದಲ್ಲಿ ಇದಕ್ಕೆ ಹೆಚ್ಚು ವಾದ ಬೇಕಿಲ್ಲ, ಚಾರ್ಜರುಗಳಿಗೂ ಕ್ಯೂಆರ್ ಪಾವತಿಯನ್ನು ಸರ್ಕಾರ ಕಡ್ಡಾಯ ಮಾಡಬೇಕು ಅಷ್ಟೇ.

ಆ ರಾತ್ರಿ ಹೊರಡುವ ಮೊದಲು ಹುಡುಗನ ಫೋನ್ ನಂಬರ್ ಬರೆದುಕೊಂಡೆ. ಯಂತ್ರಕ್ಕೆ ಅಂಟಿಸಿದ್ದ ಸಹಾಯವಾಣಿಯ ಚೀಟಿ ಬಿಸಿಲಿಗೆ ಬಿಳಿಚಿ ಕೊನೆಯ ಅಂಕಿಗಳು ಓದಲಾಗುತ್ತಿರಲಿಲ್ಲ. ನನ್ನ ಆ್ಯಪಿನಲ್ಲಿದ್ದ ನಂಬರನ್ನು ಅವನ ಫೋನಿಗೆ ಹಾಕಿಕೊಟ್ಟೆ. ಈಗ ಮಂಗಳೂರಿನಿಂದ ಬರುವಾಗಲೆಲ್ಲ ಘಾಟಿ ಶುರುವಾಗುವ ಮೊದಲು ನೆಲ್ಯಾಡಿಯಲ್ಲಿ ಕಾರು ನಿಲ್ಲಿಸಿ ಅವನಿಗೊಂದು ಫೋನು ಮಾಡುತ್ತೇನೆ. ‘ಒಂದ್ನಿಮಿಷ ಅಕ್ಕಾ’ ಎಂದು ಅಂಗಳಕ್ಕೆ ಹೋಗುತ್ತಾನೆ, ಅವನ ಚಪ್ಪಲಿಯ ಸದ್ದು ಕೇಳುತ್ತದೆ. ‘ಉರೀತಿದೆ, ಬನ್ನಿ’ ಎಂದ ಮೇಲೆ ಗಾಡಿ ತೆಗೆಯುತ್ತೇನೆ.