ಯಾರೂ ಏನೂ ತಿನ್ನದ ಕಾಡು

ಹೋದ ದಸರಾ ರಜೆಗೆ ಊರಿಗೆ ಹೋಗಿದ್ದಾಗ ನಮ್ಮ ಕರಿಯನನ್ನ ಚಿರತೆ ಹೊತ್ಕೊಂಡು ಹೋಯ್ತು. ಕರಿಯ ಅಂದ್ರೆ ನಾಯಿ. ತೋಟದ ಮನೆಯಲ್ಲಿ ಒಂಬತ್ತು ವರ್ಷದಿಂದ ಇದ್ದವನು. ತುಮಕೂರು ಸೀಮೆಯವರಿಗೆ ಇದೇನೂ ಹೊಸ ಸುದ್ದಿಯಲ್ಲ ಬಿಡಿ. ಬೆಳಗ್ಗೆ ಎದ್ದು ನೋಡಿದರೆ ಸರಪಳಿ ಇತ್ತು, ಕರಿಯ ಇರಲಿಲ್ಲ, ಅಡಿಕೆ ಸಾಲಿನ ಮಧ್ಯೆ ಎಳೆದುಕೊಂಡು ಹೋದ ಗುರುತಿತ್ತು. ನನ್ನ ಐದು ವರ್ಷದ ಮಗಳು ಅಂಗಳದಲ್ಲಿ ನಿಂತು ಅದನ್ನೆಲ್ಲ ನೋಡಿ ಕೇಳಿದ್ದು ಒಂದೇ ಪ್ರಶ್ನೆ: "ಅಪ್ಪಾ, ಕರಿಯ ನೆಕ್ಸ್ಟ್ ಎಪಿಸೋಡಲ್ಲಿ ಬರ್ತಾನಾ?"

ನನಗೆ ನಗು ಬಂತು, ಆಮೇಲೆ ನಗು ಬಂದದ್ದಕ್ಕೆ ನಾಚಿಕೆಯಾಯ್ತು. ಯಾಕಂದ್ರೆ ಅವಳು ತಮಾಷೆ ಮಾಡ್ತಿರಲಿಲ್ಲ. ಅವಳಿಗೆ ಗೊತ್ತಿರುವ ಕಾಡಿನಲ್ಲಿ ಹಾಗೇ ಆಗುವುದು. ಇವತ್ತು ಬಲೆಗೆ ಬಿದ್ದವನು ನಾಳೆ ಬೆಳಗ್ಗೆ ಮರದ ಮೇಲೆ ಆಡ್ತಿರ್ತಾನೆ. ಇವತ್ತು ಬಂಡೆ ಮೇಲಿಂದ ನೀರಿಗೆ ಬಿದ್ದ ಶೇರ್ ಖಾನ್ ನಾಳೆ ಮೈ ಒಣಗಿಸಿಕೊಂಡು ಹೊಸ ಸಂಚಿನೊಂದಿಗೆ ಹಾಜರ್.

ಅವಳು ನೋಡುವುದು 'ದಿ ಜಂಗಲ್ ಬುಕ್' ಎಂಬ ಕಂಪ್ಯೂಟರ್ ಅನಿಮೇಷನ್ ಸರಣಿ. 2010ರ ಹೊತ್ತಿಗೆ ಬಂದದ್ದು, ಒಂದೊಂದು ಕಂತು ಹನ್ನೊಂದು ನಿಮಿಷ. ಮಾಡಿದವರು ಯಾರು ಅಂತ ಒಂದಿನ ಕೊನೆಯ ಟೈಟಲ್ ಕಾರ್ಡ್ ನಿಲ್ಲಿಸಿ ಓದಿದೆ (ಇಂಜಿನಿಯರುಗಳ ಚಟ, ಲಾಗ್ ಓದದೆ ಸಮಾಧಾನ ಇಲ್ಲ). ನಮ್ಮ ಪಕ್ಕದ ಹೈದರಾಬಾದಿನ ಡಿಕ್ಯೂ ಎಂಟರ್‌ಟೇನ್‌ಮೆಂಟ್, ಫ್ರಾನ್ಸಿನ ಮೂನ್‌ಸ್ಕೂಪ್, ಜರ್ಮನಿಯ ಝಡ್‌ಡಿಎಫ್. ಇಂಥದ್ದನ್ನೇ ಅಂತಾರಾಷ್ಟ್ರೀಯ ಸಹ-ನಿರ್ಮಾಣ ಅನ್ನುವುದು.

ಈ ಸರಣಿಯ ಬಗ್ಗೆ ನನಗೆ ಎರಡು ಮನಸ್ಸಿದೆ. ಮೊದಲನೆಯದು ಹೆಮ್ಮೆ. ಎಷ್ಟೋ ವರ್ಷ ನಮ್ಮ ಅನಿಮೇಷನ್ ಸ್ಟುಡಿಯೋಗಳ ಪಾಡು ನಮ್ಮ ಸಾಫ್ಟ್‌ವೇರ್ ಸರ್ವಿಸ್ ಕಂಪನಿಗಳ ಪಾಡೇ ಆಗಿತ್ತು. ಕಥೆ ಅವರದು, ಪಾತ್ರ ಅವರದು, ರಾತ್ರಿ ಕೂತು ಫ್ರೇಮ್ ಫ್ರೇಮ್ ಜೋಡಿಸುವುದು ಮಾತ್ರ ನಮ್ಮದು. ಗಂಟೆಗಿಷ್ಟು ಅಂತ ದುಡ್ಡು. ಈ ಸರಣಿಯಲ್ಲಿ ಹೈದರಾಬಾದಿನವರು ಕೂಲಿಗೆ ಕೂತವರಲ್ಲ, ಪಾಲುದಾರರು. ನಮ್ಮ ಭಾಷೆಯಲ್ಲಿ ಹೇಳೋದಾದ್ರೆ ಸರ್ವಿಸ್‌ನಿಂದ ಪ್ರಾಡಕ್ಟ್‌ಗೆ ಜಿಗಿದವರು. ಕಥೆಯನ್ನು ಆರಿಸಿದ್ದರಲ್ಲೂ ಜಾಣತನ ಇದೆ. ಕಿಪ್ಲಿಂಗ್ ತೀರಿಕೊಂಡದ್ದು 1936ರಲ್ಲಿ, ಯುರೋಪಿನಲ್ಲಿ ಎಪ್ಪತ್ತು ವರ್ಷದ ಹಕ್ಕುಸ್ವಾಮ್ಯ 2006ಕ್ಕೆ ಮುಗಿದಿತ್ತು. ಜಗತ್ತಿಗೆಲ್ಲ ಗೊತ್ತಿರುವ ಹೆಸರು, ಯಾರಿಗೂ ರಾಯಧನ ಕೊಡಬೇಕಿಲ್ಲ, ಕಾಡು ಬೇರೆ ನಮ್ಮದೇ. ಚಿತ್ರವೂ ಚೆನ್ನಾಗಿದೆ. ಎಲೆಗಳ ನಡುವೆ ಬಿಸಿಲು ಇಳಿಯುವುದು, ಬಘೀರಾ ಹೆಜ್ಜೆ ಇಡುವ ರೀತಿ, ಇವನ್ನೆಲ್ಲ ಕೂತು ಮಾಡಿದವರ ಕೆಲಸಕ್ಕೆ ಕೈ ಮುಗಿಯಬೇಕು.

ಎರಡನೆಯ ಮನಸ್ಸು ಕೇಳುವುದು ಬೇರೆ: ಈ ಕಾಡಿನಲ್ಲಿ ಇವರೆಲ್ಲ ಏನು ತಿಂತಾರೆ ಸ್ವಾಮಿ?

ತೋಳ ಇದೆ, ಕರಿಚಿರತೆ ಇದೆ, ಹುಲಿ ಇದೆ, ಹೆಬ್ಬಾವಿದೆ. ನಾನು ಮಗಳ ಜೊತೆ ಕೂತು ನೋಡಿದ ಕಂತುಗಳಲ್ಲಿ ಯಾರೂ ಏನನ್ನೂ ಹಿಡಿದು ತಿಂದದ್ದು ಕಾಣಲಿಲ್ಲ. ಶೇರ್ ಖಾನ್ ಮೋಗ್ಲಿಯ ಹಿಂದೆ ಬೀಳುವುದು ಹಸಿವಿನಿಂದಲ್ಲ, ಕೆಟ್ಟವನಾದ್ದರಿಂದ. ಆಫೀಸಿನಲ್ಲಿ ಕೆಲವರು ಕಾರಣವಿಲ್ಲದೆ ನಮ್ಮ ಹಿಂದೆ ಬೀಳ್ತಾರಲ್ಲ, ಹಾಗೆ. 1894ರಲ್ಲಿ ಬಂದ ಕಿಪ್ಲಿಂಗ್ ಪುಸ್ತಕದಲ್ಲಿ ಹೀಗಿಲ್ಲ. ಅಲ್ಲಿ ಶೇರ್ ಖಾನ್ ಹುಟ್ಟುಕುಂಟ. ಒಂದು ಕಾಲು ಸರಿಯಿಲ್ಲ, ಅದಕ್ಕೇ ಜಿಂಕೆ ಬೆನ್ನಟ್ಟಲಾಗದೆ ದನ ಹಿಡಿಯುತ್ತಾನೆ. ದನ ಹೋದರೆ ಹಳ್ಳಿಯವರು ರೊಚ್ಚಿಗೇಳ್ತಾರೆ, ಕಾಡಿಗೆ ಬೆಂಕಿ ಹಚ್ಚುತ್ತಾರೆ, ಅದಕ್ಕೇ ತೋಳಗಳಿಗೆ ಅವನ ಮೇಲೆ ಸಿಟ್ಟು. ಎಷ್ಟು ಸರಿಯಾದ ಲೆಕ್ಕ ನೋಡಿ. ವಸಾಹತುಶಾಹಿ ಬರಹಗಾರ ಅಂತ ಕಿಪ್ಲಿಂಗನನ್ನು ಬೈಯುವುದಕ್ಕೆ ನೂರು ಕಾರಣಗಳಿವೆ, ನಾನೂ ಬೈತೀನಿ. ಆದರೆ ಅಮೆರಿಕದ ವರ್ಮಾಂಟ್‌ನ ಚಳಿಯಲ್ಲಿ ಕೂತು ಬರೆದ ಆ ಮನುಷ್ಯನಿಗೆ ಹುಲಿಗೂ ದನಕ್ಕೂ ಊರಿಗೂ ಇರುವ ಸಂಬಂಧ ಗೊತ್ತಿತ್ತು. ನಮ್ಮ ಹೈದರಾಬಾದಿನಲ್ಲಿ ತಯಾರಾದ ಕಾಡಿಗೆ ಅದು ಮರೆತುಹೋಗಿದೆ.

ಮರೆತದ್ದು ಅಂದೆ, ಅದು ತಪ್ಪು. ಬೇಕಂತಲೇ ತೆಗೆದುಹಾಕಿದ್ದು. ಯಾಕೆ ಅಂತ ತಿಳಿಯಬೇಕಾದರೆ ದುಡ್ಡಿನ ದಾರಿ ಹಿಡಿದು ಹೋಗಬೇಕು.

ಒಳ್ಳೆಯ ಅನಿಮೇಷನ್ ದುಬಾರಿ. ಒಂದು ದೇಶದ ಒಂದು ಚಾನೆಲ್ ಕೊಡುವ ದುಡ್ಡಿನಲ್ಲಿ ಆಗುವ ಮಾತಲ್ಲ. ಜೊತೆಗೆ ಕಾನೂನಿನ ಕಾರಣವೂ ಇದೆ. ಯುರೋಪಿನವರು 1989ರಲ್ಲಿ ಒಂದು ನಿಯಮ ತಂದರು: ಸುದ್ದಿ, ಕ್ರೀಡೆ, ಜಾಹೀರಾತು ಇಂಥವನ್ನು ಬಿಟ್ಟು ಉಳಿದ ಪ್ರಸಾರದಲ್ಲಿ, ಸಾಧ್ಯವಾದ ಮಟ್ಟಿಗೆ, ಅರ್ಧಕ್ಕಿಂತ ಹೆಚ್ಚು ಯುರೋಪಿನದೇ ಇರಬೇಕು. ಕೆನಡಾದಲ್ಲೂ ಇಂಥದ್ದೇ ಕಟ್ಟುಪಾಡು. ಎರಡು ದೇಶಗಳ ನಡುವೆ ಒಪ್ಪಂದವಿದ್ದು, ಎರಡೂ ಕಡೆಯವರು ದುಡ್ಡು, ಕೆಲಸ ಹಂಚಿಕೊಂಡು ಮಾಡಿದರೆ ಆ ಕಾರ್ಯಕ್ರಮ ಎರಡೂ ದೇಶದಲ್ಲಿ 'ನಮ್ಮದು' ಅನ್ನಿಸಿಕೊಳ್ಳುತ್ತೆ. ಎರಡೆರಡು ಪಾಸ್‌ಪೋರ್ಟ್ ಇದ್ದ ಹಾಗೆ. 1991ರಲ್ಲಿ ಶುರುವಾದ 'ಟಿನ್‌ಟಿನ್' ಸರಣಿ ಹೀಗೇ ಹುಟ್ಟಿದ್ದು. ಬೆಲ್ಜಿಯಮ್ಮಿನ ಹುಡುಗ, ಆದರೆ ಕೂಸು ಫ್ರಾನ್ಸಿನ ಎಲಿಪ್ಸ್ ಮತ್ತು ಕೆನಡಾದ ನೆಲ್ವಾನಾ ಕಂಪನಿಗಳದ್ದು.

ಮನೆಯ ದುಡ್ಡು ಹೀಗೆ ನಾಲ್ಕು ಕಡೆಯಿಂದ ಬಂದಮೇಲೆ ಉಳಿದದ್ದನ್ನು ಮಾರಾಟದಿಂದ ಎತ್ತಬೇಕು. ಮಾರಾಟ ಅಂದ್ರೆ ನೂರು ಚಾನೆಲ್‌ಗಳಿಗೆ. ಅವರು ಯಾವ ಹೊತ್ತಲ್ಲಾದರೂ, ಯಾವ ಕಂತನ್ನಾದರೂ, ಯಾವ ಕ್ರಮದಲ್ಲಾದರೂ ಹಾಕಿಕೊಳ್ಳಬೇಕು. ಹನ್ನೊಂದು ನಿಮಿಷದ ಎರಡು ಕಂತು ಸೇರಿಸಿದರೆ ಜಾಹೀರಾತು ಸಮೇತ ಅರ್ಧ ಗಂಟೆ. ಈಗ ಮೂರನೇ ಕಂತಿನಲ್ಲಿ ಒಬ್ಬ ಸತ್ತರೆ, ಐದನೆಯದನ್ನು ಮೊದಲು ಹಾಕಿದವನ ಗತಿಯೇನು? ಹಾಗಾಗಿ ಯಾರೂ ಸಾಯುವ ಹಾಗಿಲ್ಲ. ಯಾರೂ ಬೆಳೆಯುವ ಹಾಗೂ ಇಲ್ಲ, ಏನನ್ನೂ ಕಲಿಯುವ ಹಾಗಿಲ್ಲ. ನಮ್ಮಲ್ಲಿ ಇದಕ್ಕೆ 'ಸ್ಟೇಟ್‌ಲೆಸ್' ಅಂತೀವಿ. ಪ್ರತಿ ರಿಕ್ವೆಸ್ಟೂ ಹೊಸದು, ಹಿಂದಿನದರ ನೆನಪು ಸರ್ವರ್‌ಗೆ ಇಲ್ಲ. ಸರ್ವರ್ ಹಾಗಿದ್ದರೆ ಒಳ್ಳೇದು, ನಾನೇ ದಿನಾ ಹಾಗೆ ಡಿಸೈನ್ ಮಾಡ್ತೀನಿ. ಕಾಡು ಹಾಗಿರಬಹುದಾ ಅನ್ನೋದು ಬೇರೆ ಪ್ರಶ್ನೆ.

ಇನ್ನೊಂದು ಕೆಲಸವನ್ನೂ ನಾವು ಮಾಡ್ತೀವಿ: ಕೋಡಿನಿಂದ ಭಾಷೆ, ದೇಶ, ದುಡ್ಡಿನ ಗುರುತು ಎಲ್ಲ ಹೊರಗೆ ತೆಗೆದು, ಯಾವ ದೇಶಕ್ಕಾದರೂ ಹೊಂದುವ ಹಾಗೆ ಇಡುವುದು. ಇಂಥ ಎಷ್ಟೋ ಕಾರ್ಟೂನುಗಳಲ್ಲಿ ಅಂಗಡಿ ಇರುತ್ತೆ, ಬೋರ್ಡಿನ ಮೇಲೆ ಅಕ್ಷರ ಇರಲ್ಲ. ಊಟ ಇರುತ್ತೆ, ಊಟಕ್ಕೆ ಹೆಸರಿರಲ್ಲ. ಮಧ್ಯಪ್ರದೇಶದ ಸಿವನಿಯ ಕಾಡು ಎಲ್ಲಿಯದೂ ಅಲ್ಲದ ಕಾಡಾಗುವುದು ಹೀಗೆ.

ಸಹ-ನಿರ್ಮಾಣ ಅಂದ್ರೇನೇ ಹೀಗೆ ಅಂತ ತೀರ್ಪು ಕೊಡುವುದಕ್ಕೂ ನನಗೆ ಮನಸ್ಸಿಲ್ಲ. 1982ರಲ್ಲಿ ಫ್ರೆಂಚರೂ ಜಪಾನೀಯರೂ ಸೇರಿ 'ಮಿಸ್ಟೀರಿಯಸ್ ಸಿಟೀಸ್ ಆಫ್ ಗೋಲ್ಡ್' ಮಾಡಿದರು. 1532ರ ಬಾರ್ಸಿಲೋನಾದಿಂದ ಹೊರಡುವ ಹುಡುಗ ಎಸ್ತೆಬಾನ್, ಇಂಕಾ ಹುಡುಗಿ ಜಿಯಾ, ಚಿನ್ನದ ಆಸೆಗೆ ಬಿದ್ದ ಸ್ಪೇನಿನವರು. ಮೂವತ್ತೊಂಬತ್ತು ಕಂತೂ ಒಂದೇ ಕಥೆ, ಒಂದು ತಪ್ಪಿಸಿಕೊಂಡರೆ ಹೋಯಿತು. ಪ್ರತಿ ಕಂತಿನ ಕೊನೆಗೆ ದಕ್ಷಿಣ ಅಮೆರಿಕದ ನಿಜವಾದ ಜನ, ನಿಜವಾದ ಊರು ತೋರಿಸುವ ಪುಟ್ಟ ಸಾಕ್ಷ್ಯಚಿತ್ರ. ಬೊಂಬೆಯ ಹಿಂದೆ ಒಂದು ಭೂಮಿ ಇದೆ ಅಂತ ಮಕ್ಕಳಿಗೆ ಹೇಳಿದ ಹಾಗೆ. ಸೌರಶಕ್ತಿಯ ಹಡಗು, ಹಾರುವ ಚಿನ್ನದ ಪಕ್ಷಿ ಅಂತ ಬುರುಡೆಯೂ ಸಾಕಷ್ಟಿದೆ, ಪರವಾಗಿಲ್ಲ. ಎರಡು ದೇಶದ ದುಡ್ಡು ಹಾಕಿಯೂ ಮಕ್ಕಳ ನೆನಪಿನ ಶಕ್ತಿಯನ್ನು ನಂಬಬಹುದು ಅನ್ನೋದಕ್ಕೆ ಇದೊಂದು ಸಾಕ್ಷಿ ಸಾಕು.

ನನ್ನ ಮೋಗ್ಲಿ ಬೇರೆಯವನು. 1993ರಲ್ಲಿ ದೂರದರ್ಶನದಲ್ಲಿ ಭಾನುವಾರ ಬೆಳಗ್ಗೆ ಬರ್ತಿದ್ದವನು, ಜಪಾನಿನ ನಿಪ್ಪಾನ್ ಅನಿಮೇಷನ್‌ನವರು 1989ರಲ್ಲಿ ಮಾಡಿದವನು. ಹಿಂದಿಯ ಹಾಡು ಗುಲ್ಜಾರ್ ಬರೆದದ್ದು, ವಿಶಾಲ್ ಭಾರದ್ವಾಜ್ ಸಂಗೀತ, ಶೇರ್ ಖಾನ್‌ಗೆ ನಾನಾ ಪಾಟೇಕರ್ ದನಿ. ಇದೆಲ್ಲ ಆಮೇಲೆ ಗೊತ್ತಾದದ್ದು. ಆಗ ನಮ್ಮೂರಲ್ಲಿ ಟಿವಿ ಇದ್ದದ್ದು ಎರಡು ಮನೆಯಲ್ಲಿ, ನಮಗೆ ಹಿಂದಿ ಗೊತ್ತಿದ್ದದ್ದು ಹತ್ತು ಪದ. ಒಬ್ಬ ಸೂರಿನ ಮೇಲೆ ಹತ್ತಿ ಆಂಟೆನಾ ತಿರುಗಿಸಬೇಕು, ಒಬ್ಬ ಕೆಳಗಿಂದ "ಬಂತು, ಬಂತು, ಹೋಯ್ತು" ಅನ್ನಬೇಕು. ಆ ಜಪಾನೀ ಮೋಗ್ಲಿಯ ಕೈಯಲ್ಲಿ ಬೂಮರಾಂಗ್ ಇತ್ತು! ಸಿವನಿಯ ಕಾಡಿಗೆ ಆಸ್ಟ್ರೇಲಿಯದ ಆಯುಧ ಹೆಂಗೆ ಬಂತೋ ಅಂತ ನಾವ್ಯಾರೂ ಕೇಳಲಿಲ್ಲ. ಸೌದೆ ಚಕ್ಕೆ ಬಾಗಿಸಿ ನಾವೂ ಎಸೆದೆವು, ಒಂದೂ ವಾಪಸ್ ಬರಲಿಲ್ಲ.

ಅಂದರೆ ನಿಜದ ಭಾರತ ಅಲ್ಲೂ ಇರಲಿಲ್ಲ. ಆದರೆ ಕಾಲ ಇತ್ತು. ಐವತ್ತೆರಡು ಕಂತಿನಲ್ಲಿ ಮೋಗ್ಲಿ ಕೂಸಿನಿಂದ ಹುಡುಗನಾದ, ಅಕೇಲನಿಗೆ ವಯಸ್ಸಾಯಿತು, ಮನುಷ್ಯರ ಊರು ಮೋಗ್ಲಿಯನ್ನು ಎಳೆಯತೊಡಗಿತು. ಅವನ ಸಾಕುತಂದೆ ತೋಳ ಅಲೆಕ್ಸಾಂಡರ್ ಸತ್ತುಹೋದ. ಮುಂದಿನ ಭಾನುವಾರ ಅವನು ಬರ್ತಾನೆ ಅಂತ ನಾವು ಕಾದೆವು. ಬರಲಿಲ್ಲ. ಅದರ ಮುಂದಿನ ಭಾನುವಾರವೂ ಬರಲಿಲ್ಲ. ಹಿಂದಿ ಬಾರದ ನಮಗೆ ಅದು ಅರ್ಥವಾಗುವುದಕ್ಕೆ ಯಾವ ಅನುವಾದವೂ ಬೇಕಾಗಲಿಲ್ಲ.

ಭಾಷೆಯ ಮಾತು ಬಂತಲ್ಲ, ಅದನ್ನೂ ಹೇಳಿಬಿಡ್ತೀನಿ. ಮಗಳು ಇವತ್ತಿನ ಜಂಗಲ್ ಬುಕ್ ನೋಡುವುದು ಇಂಗ್ಲಿಷಿನಲ್ಲಿ. ನನ್ನ ಕಾಲಕ್ಕೆ ಹಿಂದಿ, ಅವಳ ಕಾಲಕ್ಕೆ ಇಂಗ್ಲಿಷ್. ನಾವು ಕನ್ನಡದವರು ಡಬ್ಬಿಂಗ್ ಬೇಕೋ ಬೇಡವೋ ಅಂತ ದಶಕಗಟ್ಟಲೆ ಜಗಳವಾಡಿಕೊಂಡೆವು. 2009ರಲ್ಲಿ ಚಿಂಟು ಟಿವಿ ಬಂದು ಕಾರ್ಟೂನುಗಳ ಬಾಯಲ್ಲಿ ಕನ್ನಡ ಆಡಿಸಿದ್ದು ದೊಡ್ಡ ವಿಷಯವೇ. ಆದರೆ ಡಬ್ಬಿಂಗ್ ಅಂದ್ರೆ ಬೇರೆಯವರು ಉಂಡೆದ್ದಮೇಲೆ ಎರಡನೇ ಪಂಕ್ತಿಗೆ ಕೂತ ಹಾಗೆ. ಮೊದಲ ಪಂಕ್ತಿಯಲ್ಲಿ ಕೂರಬೇಕಂದ್ರೆ ಅಡುಗೆಗೆ ದುಡ್ಡು ಹಾಕಬೇಕು. ವೆಲ್ಷ್ ಭಾಷೆಯವರನ್ನೇ ನೋಡಿ. 2011ರ ಜನಗಣತಿಯಲ್ಲಿ ವೇಲ್ಸ್‌ನಲ್ಲಿ ಆ ಭಾಷೆ ಆಡುವವರು ಐದೂವರೆ ಲಕ್ಷದ ಆಸುಪಾಸು. ಅದೇ ವರ್ಷದ ನಮ್ಮ ಜನಗಣತಿಯಲ್ಲಿ ಕನ್ನಡ ಮಾತೃಭಾಷೆ ಅಂದವರು ನಾಲ್ಕು ಕೋಟಿ ಮೂವತ್ತೇಳು ಲಕ್ಷ. ಅವರಿಗೆ 1982ರಿಂದ ಎಸ್‌ಫೋರ್‌ಸಿ ಅಂತ ಸ್ವಂತ ಚಾನೆಲ್ ಇದೆ. ಸೂಪರ್‌ಟೆಡ್, ಫೈರ್‌ಮನ್ ಸ್ಯಾಮ್ ಮೊದಲು ಆ ಚಾನೆಲ್ಲಿಗಾಗಿ ಹುಟ್ಟಿ ಆಮೇಲೆ ಜಗತ್ತು ಸುತ್ತಿದವು. 1992ರಲ್ಲಿ ಆ ಪುಟ್ಟ ಚಾನೆಲ್ ಮಾಸ್ಕೋದ ಅನಿಮೇಷನ್ ಕಲಾವಿದರ ಜೊತೆ ಕೈಜೋಡಿಸಿ ಶೇಕ್ಸ್‌ಪಿಯರ್ ನಾಟಕಗಳನ್ನು ಅರ್ಧರ್ಧ ಗಂಟೆಯ ಅನಿಮೇಷನ್ ಮಾಡಿಸಿತು. ಅದರಲ್ಲಿ ಹ್ಯಾಮ್ಲೆಟ್ ಸಾಯುತ್ತಾನೆ, ಒಫೀಲಿಯಾ ಸಾಯುತ್ತಾಳೆ. ಯಾರೂ ಮುಂದಿನ ಕಂತಿಗೆ ಎದ್ದು ಬರುವುದಿಲ್ಲ. ನಮ್ಮ ನಾಲ್ಕು ಕೋಟಿ ಮಂದಿಯ ಪರವಾಗಿ ಇಂಥ ಮೇಜಿನ ಮುಂದೆ ಯಾರು ಕೂತಿದ್ದಾರೆ ಅಂತ ಯೋಚಿಸಿದರೆ ನನಗೆ ಒಂದೂ ಮುಖ ಹೊಳೆಯುವುದಿಲ್ಲ.

ಕರಿಯನ ಪ್ರಶ್ನೆಗೆ ಅವತ್ತು ಉತ್ತರ ಕೊಟ್ಟದ್ದು ನಾನಲ್ಲ. ನಾನು "ಅವನು ಕಾಡಿಗೆ ಹೋಗಿದಾನೆ ಪುಟ್ಟಿ, ಫ್ರೆಂಡ್ಸ್ ಸಿಕ್ಕಿದಾರೆ" ಅಂತೇನೋ ಶುರು ಮಾಡಿದ್ದೆ, ಹನ್ನೊಂದು ನಿಮಿಷದ ಕಂತಿನ ಥರ. ಸಗಣಿ ಬಳಿಯುತ್ತಿದ್ದ ಅಮ್ಮ ತಲೆ ಎತ್ತಿ ನನ್ನನ್ನು ಒಂದು ಸಲ ನೋಡಿದರು. "ಚಿರತೆ ತಿಂತು ಕಣವ್ವ ಅವನ್ನ. ಅದಕ್ಕೂ ಹೊಟ್ಟೆ ಇರ್ತದಲ್ಲ, ಮರಿ ಇರ್ತವೆ" ಅಂದರು. ಮಗಳು ಸ್ವಲ್ಪ ಹೊತ್ತು ಅತ್ತಳು. ಆಮೇಲೆ ಚಿರತೆಗೆ ಎಷ್ಟು ಮರಿ ಅಂತ ಕೇಳಿದಳು.

ದೀಪಾವಳಿ ಕಳೆದಮೇಲೆ ಅಮ್ಮ ಬೆಂಗಳೂರಿಗೆ ಬಂದಿದ್ದಾಗ ನಾನು ಲ್ಯಾಪ್‌ಟಾಪಿನಲ್ಲಿ ಹಳೇ ಜಪಾನೀ ಮೋಗ್ಲಿ ಹಾಕಿದೆ. ಹಿಂದಿ. ಅಮ್ಮನಿಗೂ ಬರಲ್ಲ, ಮಗಳಿಗೂ ಅಷ್ಟಕ್ಕಷ್ಟೇ. ಅಮ್ಮ ತಮಗೆ ತೋಚಿದ ಹಾಗೆ ಕನ್ನಡದಲ್ಲಿ ಹೇಳ್ತಾ ಹೋದರು: ಇವಳು ಅವನ ಹೆಂಡ್ತಿ, ಇದು ಗುಹೆ, ಆ ನರಿ ಚಾಡಿಕೋರ ನೋಡು. ಕಥೆ ಅರ್ಧಕ್ಕರ್ಧ ತಪ್ಪು, ಆದರೂ ಎಲ್ಲೂ ನಿಲ್ಲಲಿಲ್ಲ. ಅಲೆಕ್ಸಾಂಡರ್ ಸತ್ತ ಕಂತು ಬಂದಾಗ ಮಗಳು ಅಜ್ಜಿಯ ಸೆರಗು ಹಿಡಿದು, "ಇವ್ನು ಬರ್ತಾನಾ ಅಜ್ಜಿ?" ಅಂದಳು.

"ಇಲ್ಲ ಕಣವ್ವ. ಅವನ್ದು ಮುಗೀತು."

ಅವಳು ಸ್ಕ್ರೀನ್ ನೋಡಿದಳು, ನನ್ನ ಕಡೆ ತಿರುಗಿದಳು. "ಅಪ್ಪಾ, ಮುಂದಿನ್ದು ಹಾಕು. ಮರಿಗಳು ಏನ್ ಮಾಡ್ತವೆ ನೋಡ್ಬೇಕು."